ಹತ್ತನೇ ತರಗತಿ ಮುಗಿಸಲಾಗದ ಮಕ್ಕಳಿಗೆ ಬೇರೆ ದಾರಿ ಹುಡುಕುವ ಬಗೆ

ನನ್ನ ಅಕ್ಕನ ಮಗ ಒಂಬತ್ತನೇ ತರಗತಿಯಲ್ಲಿ ಇದ್ದಕ್ಕಿದ್ದಂತೆ ಶಾಲೆಗೆ ಹೋಗುವುದನ್ನು ನಿಲ್ಲಿಸಿದ. ಬೆಳಿಗ್ಗೆ ಸಮವಸ್ತ್ರ ಹಾಕಿ, ಬುತ್ತಿ ಕಟ್ಟಿಸಿಕೊಂಡು ಮನೆಯಿಂದ ಹೊರಡುತ್ತಿದ್ದವನು ದಿನವಿಡೀ ಬಸ್ ನಿಲ್ದಾಣದ ಹಿಂದಿನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಕಳೆಯುತ್ತಿದ್ದ ಎಂಬುದು ಎರಡು ತಿಂಗಳ ಮೇಲೆ ಶಾಲೆಯಿಂದ ಫೋನ್ ಬಂದಾಗಲೇ ನಮಗೆ ತಿಳಿದದ್ದು. ಅಂದು ಮನೆಯಲ್ಲಿ ದೊಡ್ಡ ಜಗಳವಾಯಿತು. ರಾತ್ರಿ ಅವನ ಗಣಿತದ ನೋಟ್‌ಬುಕ್ ತಿರುವಿ ನೋಡಿದೆ. ಮುಂದಿನ ಹಾಳೆಗಳು ಬಹುಪಾಲು ಖಾಲಿ ಇದ್ದವು. ಹಿಂಬದಿಯ ನಾಲ್ಕು ಹಾಳೆಗಳಲ್ಲಿ ಮಾತ್ರ ಬಾವಿಯ ಪಂಪಿನ ಮೋಟಾರುಗಳ ಲೆಕ್ಕ ಅಚ್ಚುಕಟ್ಟಾಗಿ ಬರೆದಿತ್ತು: ಯಾವ ಮೋಟಾರಿಗೆ ಎಷ್ಟು ಸ್ಲಾಟ್, ಎಷ್ಟು ಗೇಜಿನ ತಾಮ್ರದ ತಂತಿ, ಒಂದೊಂದು ಕಾಯಿಲ್‌ಗೆ ಎಷ್ಟು ಸುತ್ತು. ಅವನನ್ನು ಮತ್ತೆ ಅದೇ ಬೆಂಚಿಗೆ ಎಳೆದೊಯ್ಯುವ ಬದಲು ಬೇರೆ ದಾರಿ ಹುಡುಕಬೇಕೆಂದು ನಾನು ನಿರ್ಧರಿಸಿದ್ದು ಆ ರಾತ್ರಿ. ಮುಂದಿನ ಒಂದೂವರೆ ವರ್ಷದಲ್ಲಿ ನಾನು ಕಲಿತದ್ದನ್ನು, ಇಂತಹದೇ ಸಂಕಟದಲ್ಲಿರುವ ಹೆತ್ತವರಿಗೆ ಉಪಯೋಗವಾಗಲೆಂದು ಇಲ್ಲಿ ಬರೆಯುತ್ತಿದ್ದೇನೆ.

ಶಾಲೆ ಬಿಡುವುದು ಬೇರೆ, ಹತ್ತನೇ ತರಗತಿಯ ಪ್ರಮಾಣಪತ್ರವನ್ನು ಕೈಬಿಡುವುದು ಬೇರೆ. ಮಗು ಶಾಲೆಯ ಕಟ್ಟಡದೊಳಗೆ ಕಾಲಿಡಲಾರದ ಸ್ಥಿತಿಯಲ್ಲಿದ್ದರೆ ಶಾಲೆ ಬಿಡುವ ಮಾತನ್ನು ಒಪ್ಪಿಕೊಳ್ಳಬಹುದು. ಪ್ರಮಾಣಪತ್ರದ ದಾರಿಯನ್ನು ಮಾತ್ರ ಮುಚ್ಚಬಾರದು. ಸರ್ಕಾರಿ ಕಚೇರಿಯ ಗ್ರೂಪ್ ಡಿ ಹುದ್ದೆಗೂ ಎಸ್ಸೆಸ್ಸೆಲ್ಸಿ ಕೇಳುತ್ತಾರೆ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ವಲಸೆ ತಪಾಸಣೆ ಬೇಕಾಗುವ ವರ್ಗಕ್ಕೆ ಸೇರುವುದರಿಂದ, ಅವರು ಕೊಲ್ಲಿ ದೇಶಗಳಿಗೆ ಕೆಲಸಕ್ಕೆ ಹೊರಟಾಗ ಹೆಚ್ಚುವರಿ ಅನುಮತಿ ಪಡೆಯಬೇಕಾಗುತ್ತದೆ. ಕರಾವಳಿಯ ಕುಟುಂಬಗಳಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸಾರಿಗೆ ವಾಹನದ ಚಾಲನಾ ಪರವಾನಗಿಗೆ ಮೊದಲು ಬೇಕಾಗಿದ್ದ ಎಂಟನೇ ತರಗತಿಯ ನಿಯಮವನ್ನು 2019ರಲ್ಲಿ ತೆಗೆದುಹಾಕಲಾಗಿದೆ, ಆದರೆ ಅಂತಹ ಸಡಿಲಿಕೆಗಳು ಬಹಳ ಕಡಿಮೆ.

ದಾರಿ ಹುಡುಕುವ ಮೊದಲು ಕಾರಣ ಹುಡುಕಬೇಕು. ಎರಡು ವಾರ ಓದಿನ ಮಾತನ್ನೇ ಎತ್ತದೆ ಮಗುವಿನ ಜೊತೆ ಇದ್ದು ನೋಡಿ. ನಮ್ಮ ಹುಡುಗ ಹತ್ತನೆಯ ದಿನ, ಸ್ಕೂಟರ್ ಹಿಂದೆ ಕುಳಿತಿದ್ದಾಗ, "ಮಾಮಾ, ಬೋರ್ಡ್ ಮೇಲೆ ಬರೆದದ್ದು ಓದೋ ಹೊತ್ತಿಗೆ ಮೇಷ್ಟ್ರು ಅಳಿಸಿಬಿಡ್ತಾರೆ, ಎಲ್ಲರೂ ನಗ್ತಾರೆ" ಎಂದ. ತರಗತಿಯಲ್ಲಿ ಏನು ಕಷ್ಟವೆಂದು ಎಂಟು ವರ್ಷಗಳಲ್ಲಿ ಯಾರೂ ಅವನನ್ನು ಕೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಅಕ್ಷರಗಳನ್ನು ಓದಲು, ಬರೆಯಲು, ಲೆಕ್ಕ ಮಾಡಲು ಬುದ್ಧಿಗೆ ಸಂಬಂಧವಿಲ್ಲದ ತೊಡಕು ಇರುವ ಸ್ಥಿತಿಯನ್ನು ನಿರ್ದಿಷ್ಟ ಕಲಿಕಾ ನ್ಯೂನತೆ ಎನ್ನುತ್ತಾರೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಪಟ್ಟಿ ಮಾಡಿರುವ 21 ನ್ಯೂನತೆಗಳಲ್ಲಿ ಅದೂ ಒಂದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮತ್ತು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇದರ ಪರೀಕ್ಷೆ ನಡೆಯುತ್ತದೆ. ಪ್ರಮಾಣಪತ್ರ ಸಿಕ್ಕರೆ ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಉತ್ತರ ಬರೆದುಕೊಡುವ ಸಹಾಯಕ ಮುಂತಾದ ಸೌಲಭ್ಯಗಳನ್ನು ಕೇಳಲು ಹಕ್ಕಿರುತ್ತದೆ, ಆದರೆ ಅದನ್ನು ಪರೀಕ್ಷೆಗೆ ಬಹಳ ಮೊದಲೇ ಮುಖ್ಯಶಿಕ್ಷಕರ ಮೂಲಕ ಕೇಳಬೇಕು. ಅಂದರೆ ಕೆಲವು ಮಕ್ಕಳಿಗೆ ಬೇಕಾಗಿರುವುದು ಪರ್ಯಾಯವಲ್ಲ, ಇದ್ದ ಶಾಲೆಯಲ್ಲೇ ಸ್ವಲ್ಪ ನ್ಯಾಯ.

ಕಾರಣ ಬೇರೆಯೂ ಇರಬಹುದು: ಸಹಪಾಠಿಗಳ ಕಾಟ, ಮನೆಯ ಸಾಲ, ತಾಯಿಯ ಕಾಯಿಲೆ, ಹೇಳಿಕೊಳ್ಳಲಾಗದ ಭಯ. ಮಗು ನಿದ್ದೆ ಊಟ ಬಿಟ್ಟಿದ್ದರೆ, ಬದುಕಿನ ಬಗ್ಗೆಯೇ ಬೇಸರದ ಮಾತಾಡಿದರೆ, ಕೋರ್ಸಿನ ವಿಚಾರವನ್ನು ಪಕ್ಕಕ್ಕಿಟ್ಟು ಮೊದಲು ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿ ಮಾನಸ್‌ನ 14416 ಸಂಖ್ಯೆಗೆ ಕರೆ ಮಾಡಿ. ಕನ್ನಡದಲ್ಲೇ, ಉಚಿತವಾಗಿ, ರಾತ್ರಿ ಹಗಲೆನ್ನದೆ ಮಾತಾಡುತ್ತಾರೆ. ಹೆಣ್ಣುಮಗು ಶಾಲೆ ಬಿಟ್ಟ ಕೂಡಲೇ ಮದುವೆಯ ಮಾತು ಹತ್ತಿರ ಬರುವ ಊರುಗಳಲ್ಲಿ ಮಕ್ಕಳ ಸಹಾಯವಾಣಿ 1098 ಮನೆಯವರಿಗೆ ಗೊತ್ತಿರಲಿ.

ಈಗ ದಾರಿಗಳ ವಿಚಾರ. ಒಂದೆರಡು ವಿಷಯಗಳಲ್ಲಿ ಮಾತ್ರ ಫೇಲಾದ ಮಗುವಿಗೆ ತೀರ ಹತ್ತಿರದ ದಾರಿ ಅದೇ ಎಸ್ಸೆಸ್ಸೆಲ್ಸಿ. ಪಾಸಾದ ವಿಷಯಗಳನ್ನು ಮತ್ತೆ ಬರೆಯಬೇಕಾಗಿಲ್ಲ, ಮತ್ತು 2024ರಿಂದ ರಾಜ್ಯದ ಪರೀಕ್ಷಾ ಮಂಡಳಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಬಾರಿ ಪರೀಕ್ಷೆ ನಡೆಸುತ್ತಿರುವುದರಿಂದ ಇಡೀ ವರ್ಷ ಕಾಯುವ ಶಿಕ್ಷೆಯೂ ತಪ್ಪಿದೆ. ಫಲಿತಾಂಶದ ದಿನ ಗದ್ದಲ ಎಬ್ಬಿಸುವ ಬದಲು ಮುಂದಿನ ಪರೀಕ್ಷೆಯ ನೋಂದಣಿಗೆ ಕೊನೆಯ ದಿನ ಯಾವುದೆಂದು ಅದೇ ವಾರ ಶಾಲೆಯಲ್ಲಿ ವಿಚಾರಿಸಿ, ಏಕೆಂದರೆ ಆ ಅವಧಿ ಬಹಳ ಚಿಕ್ಕದು.

ಶಾಲೆಯ ಪಠ್ಯಕ್ರಮವೇ ಹೊರೆಯಾದವರಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎಲ್ಲರೂ ಹೇಳುವ ಎನ್‌ಐಒಎಸ್ ಇದೆ. 1989ರಲ್ಲಿ ಆರಂಭವಾದ ಕೇಂದ್ರ ಸರ್ಕಾರದ ಈ ಸಂಸ್ಥೆಗೆ ಬೆಂಗಳೂರಿನಲ್ಲಿ ಪ್ರಾದೇಶಿಕ ಕೇಂದ್ರವಿದೆ. 14 ವರ್ಷ ತುಂಬಿದವರು ಹತ್ತನೇ ತರಗತಿಗೆ ಸಮಾನವಾದ ಸೆಕೆಂಡರಿ ಹಂತಕ್ಕೆ ಸೇರಬಹುದು. ಐದು ವಿಷಯಗಳಲ್ಲಿ, ಕನಿಷ್ಠ ಒಂದು ಭಾಷೆಯೂ ಸೇರಿದಂತೆ, ತಲಾ ಶೇಕಡಾ 33 ಅಂಕ ಬಂದರೆ ಪಾಸು. ಐದನ್ನೂ ಒಟ್ಟಿಗೆ ಬರೆಯಬೇಕೆಂಬ ಕಡ್ಡಾಯವಿಲ್ಲ. ಒಮ್ಮೆ ನೋಂದಾಯಿಸಿದರೆ ಅದು ಐದು ವರ್ಷ ಚಾಲ್ತಿಯಲ್ಲಿರುತ್ತದೆ, ವರ್ಷಕ್ಕೆ ಎರಡು ಬಾರಿ ಪರೀಕ್ಷೆ ನಡೆಯುತ್ತದೆ, ಮೊದಲಿನ ಮಂಡಳಿಯಲ್ಲಿ ಪಾಸಾದ ಎರಡು ವಿಷಯಗಳವರೆಗೆ ಅಂಕಗಳನ್ನು ಇಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಆರು ತಿಂಗಳಿಗೆ ಒಂದು ವಿಷಯದಂತೆ ನಿಧಾನವಾಗಿ ಮುಗಿಸಿದರೂ ಅವಮಾನವಿಲ್ಲದ ವ್ಯವಸ್ಥೆ ಇದು, ಮತ್ತು ನನ್ನ ಮಟ್ಟಿಗೆ ಇದರ ದೊಡ್ಡ ಗುಣವೇ ಅದು. ಕನ್ನಡವನ್ನು ಭಾಷಾ ವಿಷಯವಾಗಿ ಆರಿಸಿಕೊಳ್ಳಬಹುದು. ಉಳಿದ ವಿಷಯಗಳ ಪುಸ್ತಕ ಯಾವ ಮಾಧ್ಯಮದಲ್ಲಿ ಸಿಗುತ್ತದೆ ಎಂಬುದನ್ನು ಶುಲ್ಕ ಕಟ್ಟುವ ಮುನ್ನವೇ ಅಧ್ಯಯನ ಕೇಂದ್ರದಲ್ಲಿ ಕೇಳಿಕೊಳ್ಳಿ.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ಗಣಿತ ಕಡ್ಡಾಯವಲ್ಲ ಎಂಬ ಸಂತೋಷದಲ್ಲಿ ಗಣಿತವನ್ನೂ ವಿಜ್ಞಾನವನ್ನೂ ಬಿಟ್ಟು ಬೇರೆ ಐದು ವಿಷಯ ತೆಗೆದುಕೊಂಡರೆ ಪ್ರಮಾಣಪತ್ರವೇನೋ ಸಿಗುತ್ತದೆ, ಆದರೆ ಪಾಲಿಟೆಕ್ನಿಕ್ ಡಿಪ್ಲೊಮಾ ಹಾಗೂ ಎಲೆಕ್ಟ್ರಿಷಿಯನ್, ಫಿಟ್ಟರ್‌ನಂತಹ ಐಟಿಐ ವೃತ್ತಿಗಳ ಬಾಗಿಲು ಮುಚ್ಚಿಹೋಗುತ್ತದೆ. ಮಗುವಿನ ಒಲವು ಯಂತ್ರಗಳ ಕಡೆಗಿದ್ದರೆ, ಎಷ್ಟೇ ಕಷ್ಟವಾದರೂ, ಒಂದು ವರ್ಷ ತಡವಾದರೂ, ಆ ಎರಡು ವಿಷಯಗಳನ್ನು ಉಳಿಸಿಕೊಳ್ಳಲು ಹೇಳಿ.

ಪುಸ್ತಕಕ್ಕಿಂತ ಕೈಕೆಲಸದಲ್ಲಿ ಅರಳುವ ಮಕ್ಕಳಿಗೆ ಐಟಿಐ. ಬಹಳ ಮಂದಿಗೆ ತಿಳಿಯದ ಸಂಗತಿಯೆಂದರೆ, ಎಂಟನೇ ತರಗತಿ ಪಾಸಾದವರಿಗೂ ಅಲ್ಲಿ ಅವಕಾಶವಿದೆ: ವೆಲ್ಡರ್ ಒಂದು ವರ್ಷದ ತರಬೇತಿ, ವೈರ್‌ಮನ್ ಎರಡು ವರ್ಷದ್ದು. ಎಂಟನೇ ತರಗತಿಯ ನಂತರ ಎರಡು ವರ್ಷದ ವೃತ್ತಿ ಮುಗಿಸಿದವರು ಎನ್‌ಐಒಎಸ್ ಮೂಲಕ, ಭಾಷೆಯೂ ಸೇರಿದಂತೆ ಕಡಿಮೆ ವಿಷಯಗಳ ಪರೀಕ್ಷೆ ಬರೆದು, ಹತ್ತನೇ ತರಗತಿಯ ತತ್ಸಮಾನ ಪ್ರಮಾಣಪತ್ರ ಪಡೆಯುವ ವ್ಯವಸ್ಥೆಯೂ ಇದೆ. ನಮ್ಮ ಹುಡುಗನಿಗೆ ನಾವು ಆರಿಸಿದ್ದು ಇದನ್ನೇ. ಅರ್ಜಿ ಹಾಕುವ ಮೊದಲು ಅವನನ್ನು ಹತ್ತಿರದ ಸರ್ಕಾರಿ ಐಟಿಐಗೆ ಕರೆದೊಯ್ದು, ತರಗತಿಯ ಕೋಣೆಗಲ್ಲ, ವರ್ಕ್‌ಶಾಪಿಗೆ ಬಿಡಲು ಕೇಳಿಕೊಂಡೆ. ಗೋಡೆಗೆ ತೂಗುಹಾಕಿದ್ದ ಸ್ವಿಚ್ ಬೋರ್ಡಿನ ಮುಂದೆ ನಿಂತು ಯಾರೂ ಹೇಳದೆಯೇ ತಂತಿಗಳ ಬಣ್ಣವನ್ನು ಬೆರಳಿನಲ್ಲಿ ಹಿಂಬಾಲಿಸುತ್ತಾ ಹೋದ. ಜಾಹೀರಾತಿನ ಹಾಳೆ ತೋರಿಸಿ "ಇದು ಮಾಡ್ತೀಯಾ" ಎಂದು ಕೇಳುವುದಕ್ಕಿಂತ ಅಲ್ಲಿ ಅರ್ಧ ಗಂಟೆ ನಿಲ್ಲಿಸುವುದು ಮೇಲು. ರಾಜ್ಯದ 150 ಸರ್ಕಾರಿ ಐಟಿಐಗಳನ್ನು ಟಾಟಾ ಟೆಕ್ನಾಲಜೀಸ್ ಸಹಯೋಗದಲ್ಲಿ ಮೇಲ್ದರ್ಜೆಗೇರಿಸಿ 2022ರಲ್ಲಿ ಉದ್ಘಾಟಿಸಲಾಗಿದೆ. ನಿಮ್ಮ ತಾಲ್ಲೂಕಿನದ್ದು ಆ ಪಟ್ಟಿಯಲ್ಲಿದೆಯೇ ಎಂದು ವಿಚಾರಿಸಿ. ಹೆಣ್ಣುಮಕ್ಕಳಿಗಾಗಿಯೇ ಇರುವ ಮಹಿಳಾ ಐಟಿಐಗಳೂ ಇವೆ.

ಹತ್ತನೇ ತರಗತಿ ಹೇಗೋ ಪಾಸಾಗಿ ಪಿಯುಸಿಗೆ ಹೋಗಲು ಮನಸ್ಸಿಲ್ಲದವರಿಗೆ ದಾರಿಗಳು ಇನ್ನೂ ಹೆಚ್ಚು. ಮೂರು ವರ್ಷದ ಪಾಲಿಟೆಕ್ನಿಕ್ ಡಿಪ್ಲೊಮಾ ಮುಗಿಸಿದವರು ಡಿಸಿಇಟಿ ಎಂಬ ಪ್ರವೇಶ ಪರೀಕ್ಷೆ ಬರೆದು ಎಂಜಿನಿಯರಿಂಗ್‌ನ ಎರಡನೇ ವರ್ಷಕ್ಕೆ ನೇರವಾಗಿ ಸೇರಬಹುದು. 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ, ಅಂದರೆ ಜಿಟಿಟಿಸಿ, ಈಗ ಹಲವು ಜಿಲ್ಲೆಗಳಲ್ಲಿದ್ದು, ಅಚ್ಚು ಮತ್ತು ಉಪಕರಣ ತಯಾರಿಕೆಯ ಡಿಪ್ಲೊಮಾ ಕಲಿಸುತ್ತದೆ.

ಕೆಲಸಕ್ಕೇ ಸೇರುತ್ತೇನೆ ಎನ್ನುವ ಮಗುವಿನ ವಿಷಯದಲ್ಲಿ ಕಾನೂನು ಗೊತ್ತಿರಬೇಕು. 14 ವರ್ಷದೊಳಗಿನವರನ್ನು ದುಡಿಮೆಗೆ ಹಚ್ಚುವಂತಿಲ್ಲ. 14ರಿಂದ 18ರವರೆಗಿನವರನ್ನು ಅಪಾಯಕಾರಿ ಕೆಲಸಕ್ಕೆ ಇಟ್ಟುಕೊಳ್ಳುವಂತಿಲ್ಲ. ಗ್ಯಾರೇಜಿನಲ್ಲಿ ಸಂಬಳ ಗೊತ್ತುಮಾಡದೆ ಬಿಡುವುದಕ್ಕಿಂತ 1961ರ ಅಪ್ರೆಂಟಿಸ್ ಕಾಯ್ದೆಯಡಿ ಒಪ್ಪಂದ, ಭತ್ಯೆ ಮತ್ತು ಪ್ರಮಾಣಪತ್ರವಿರುವ ಜಾಗ ಹುಡುಕುವುದು ಲೇಸು. 18 ತುಂಬಿದ ಮೇಲೆ, 1982ರಲ್ಲಿ ಉಜಿರೆಯಲ್ಲಿ ಆರಂಭವಾದ ರುಡ್‌ಸೆಟ್ ಸಂಸ್ಥೆ ಸ್ವಂತ ಉದ್ಯೋಗಕ್ಕೆ ಊಟ ವಸತಿ ಸಹಿತ ಉಚಿತ ತರಬೇತಿ ಕೊಡುತ್ತದೆ.

"ಪರೀಕ್ಷೆಯೇ ಬೇಡ, ತಿಂಗಳೊಳಗೆ ಎಸ್ಸೆಸ್ಸೆಲ್ಸಿ ಮಾಡಿಸಿಕೊಡುತ್ತೇವೆ" ಎನ್ನುವವರು ನಮ್ಮ ಮನೆಗೂ ಬಂದಿದ್ದರು. ಮಾನ್ಯತೆಯಿಲ್ಲದ ಮಂಡಳಿಯ ಹಾಳೆ ಇಟ್ಟುಕೊಂಡು ಕೆಲಸಕ್ಕೆ ಸೇರಿದವನು ದಾಖಲೆ ಪರಿಶೀಲನೆಯ ದಿನ ಕೆಲಸವನ್ನಷ್ಟೇ ಅಲ್ಲ, ಮಾನವನ್ನೂ ಕಳೆದುಕೊಳ್ಳುತ್ತಾನೆ. ಇಂತಹವರಿಗೆ ಮುಂಗಡ ಒಂದು ರೂಪಾಯಿಯನ್ನೂ ಕೊಡಬೇಡಿ.

ಕೊನೆಯದಾಗಿ ಕಾಗದಪತ್ರ. ಶಾಲೆ ಬಿಡಿಸುವಾಗ ವರ್ಗಾವಣೆ ಪತ್ರ, ಪಾಸಾದ ತರಗತಿಯ ಅಂಕಪಟ್ಟಿ ಎರಡನ್ನೂ ಕೇಳಿ ಪಡೆಯಿರಿ. ಸಿಟ್ಟಿನಲ್ಲಿ ಬಿಟ್ಟು ಬಂದರೆ ಮುಂದೆ ಬಹಳ ಅಲೆಯಬೇಕಾಗುತ್ತದೆ. ಜಾತಿ ಮತ್ತು ಆದಾಯ ಪ್ರಮಾಣಪತ್ರಗಳು ಚಾಲ್ತಿಯಲ್ಲಿರಲಿ, ಹಾಸ್ಟೆಲ್ ಮತ್ತು ವಿದ್ಯಾರ್ಥಿವೇತನಕ್ಕೆ ಬೇಕಾಗುತ್ತವೆ. ನಮ್ಮ ಹುಡುಗನ ವರ್ಗಾವಣೆ ಪತ್ರದಲ್ಲಿ ತಂದೆಯ ಹೆಸರಿನ ಒಂದು ಅಕ್ಷರ ಆಧಾರ್‌ಗಿಂತ ಬೇರೆಯಾಗಿತ್ತು. ಅದನ್ನು ತಿದ್ದಿಸುವಷ್ಟರಲ್ಲಿ ಮೊದಲ ವರ್ಷದ ಪ್ರವೇಶದ ಅವಧಿಯೇ ಮುಗಿದುಹೋಯಿತು, ಅವನು ಹನ್ನೊಂದು ತಿಂಗಳು ಮನೆಯಲ್ಲೇ ಕಾಯಬೇಕಾಯಿತು. ಆದ್ದರಿಂದ ಅರ್ಜಿಯ ದಿನಾಂಕ ಪ್ರಕಟವಾಗುವುದಕ್ಕೆ ಎರಡು ತಿಂಗಳು ಮೊದಲೇ ವರ್ಗಾವಣೆ ಪತ್ರ, ಅಂಕಪಟ್ಟಿ, ಆಧಾರ್ ಮೂರನ್ನೂ ಪಕ್ಕಪಕ್ಕದಲ್ಲಿಟ್ಟು ಹೆಸರು, ಇನಿಷಿಯಲ್, ಹುಟ್ಟಿದ ದಿನಾಂಕಗಳನ್ನು ಮಗುವಿನ ಕೈಯಲ್ಲೇ ಒಂದೊಂದಾಗಿ ಓದಿಸಿ ನೋಡಿ.