ಸೇಬಿನ ಮೇಲೆ ಗಾಜಿನಂಥ ಸಕ್ಕರೆ: ಮನೆಯಲ್ಲಿ ಕ್ಯಾಂಡಿ ಆಪಲ್ ಮಾಡುವ ಕ್ರಮ

ಸಂಕ್ರಾಂತಿಗೆ ಸಕ್ಕರೆ ಅಚ್ಚು ಹಾಕುವವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿರುತ್ತದೆ. ಹದಕ್ಕೆ ಬಂದ ಪಾಕವನ್ನು ಬೆಳ್ಳಗೆ ಮಬ್ಬಾಗುವವರೆಗೆ ಕೈಯಾಡಿಸಿದರೆ ಮಾತ್ರ ಅಚ್ಚು ಚೆನ್ನಾಗಿ ಕೂರುತ್ತದೆ. ಕೈಯಾಡಿಸುವಾಗ ಕರಗಿದ ಸಕ್ಕರೆ ಮತ್ತೆ ಸಣ್ಣ ಸಣ್ಣ ಹರಳುಗಳಾಗುವುದೇ ಅದಕ್ಕೆ ಕಾರಣ. ಕ್ಯಾಂಡಿ ಆಪಲ್ ಎಂಬ ಅಮೆರಿಕದ ಸಿಹಿಗೆ ಬೇಕಾಗಿರುವುದು ಇದಕ್ಕೆ ತದ್ವಿರುದ್ಧವಾದದ್ದು. ಇಲ್ಲಿ ಸಕ್ಕರೆ ಹರಳುಗಟ್ಟಲೇಬಾರದು. ಗಾಜಿನಂತೆ ತಿಳಿಯಾಗಿ, ಕಚ್ಚಿದರೆ ಚಟ್ಟನೆ ಒಡೆಯುವಂತೆ, ಸೇಬಿನ ಸಿಪ್ಪೆಯ ಮೇಲೆ ತೆಳ್ಳಗೆ ಹಿಡಿದು ನಿಲ್ಲಬೇಕು.

ನ್ಯೂಜೆರ್ಸಿಯ ನೆವಾರ್ಕ್ ನಗರದಲ್ಲಿ ಮಿಠಾಯಿ ಅಂಗಡಿ ಇಟ್ಟಿದ್ದ ವಿಲಿಯಂ ಕೋಲ್ಬ್ 1908ರಲ್ಲಿ ಇದನ್ನು ಮೊದಲು ಮಾಡಿದನೆಂದು ಹೇಳುತ್ತಾರೆ. ಕ್ರಿಸ್‌ಮಸ್ ವ್ಯಾಪಾರಕ್ಕಾಗಿ ಚಕ್ಕೆಯ ಪರಿಮಳದ ಕೆಂಪು ಮಿಠಾಯಿ ತಯಾರಿಸುತ್ತಿದ್ದ ಅವನು, ಅಂಗಡಿಯ ಮುಂದೆ ಅಂದಕ್ಕೆ ಇಡಲೆಂದು ಕೆಲವು ಸೇಬುಗಳನ್ನು ಆ ಪಾಕದಲ್ಲಿ ಅದ್ದಿದನಂತೆ. ಗಿರಾಕಿಗಳು ಆ ಸೇಬುಗಳನ್ನೇ ಕೇಳಿ ಕೊಂಡರಂತೆ. ಇಂದಿಗೂ ಅಮೆರಿಕದಲ್ಲಿ ಇದು ಸೇಬಿನ ಕೊಯ್ಲು ಮುಗಿಯುವ ಅಕ್ಟೋಬರ್ ತಿಂಗಳ, ಹ್ಯಾಲೊವೀನ್ ಹಬ್ಬದ ತಿನಿಸು. ಇಂಗ್ಲೆಂಡಿನಲ್ಲಿ ಇದಕ್ಕೆ ಟಾಫಿ ಆಪಲ್ ಎಂದು ಹೆಸರು. ಅಲ್ಲಿ ನವೆಂಬರ್ 5ರ ರಾತ್ರಿ ಬೆಂಕಿ ಹಾಕಿ ಪಟಾಕಿ ಹಾರಿಸುವ ಹಬ್ಬದಂದು ಇದನ್ನು ತಿನ್ನುತ್ತಾರೆ. ಎರಡೂ ಕಡೆ ಅದು ತಂಪಾದ ಹವೆಯ ಕಾಲ ಎಂಬುದನ್ನು ನಾನು ತಡವಾಗಿ ಗಮನಿಸಿದೆ. ಅಮೆರಿಕದಲ್ಲಿದ್ದ ಎರಡು ವರ್ಷ ಯಾವ ತೊಂದರೆಯೂ ಇಲ್ಲದೆ ಮಾಡುತ್ತಿದ್ದ ಇದೇ ಸಿಹಿಯನ್ನು ಬೆಂಗಳೂರಿಗೆ ಮರಳಿದ ಮೇಲೆ ಆಗಸ್ಟ್ ತಿಂಗಳ ಒಂದು ಮಧ್ಯಾಹ್ನ ಮಾಡಿಟ್ಟೆ. ಮೂರು ಗಂಟೆಗೆ ಫಳಫಳ ಹೊಳೆಯುತ್ತಿದ್ದ ಸೇಬುಗಳು ಸಂಜೆ ಮಕ್ಕಳು ಆಟ ಮುಗಿಸಿ ಬರುವಷ್ಟರಲ್ಲಿ ಬೆವರಿ, ಕಡ್ಡಿಯ ಬುಡದಿಂದ ಕೆಂಪು ರಸ ಇಳಿದು, ತಟ್ಟೆಯ ತುಂಬ ಅಂಟು ಹರಡಿತ್ತು. ಸೋತದ್ದು ಎಲ್ಲಿ ಎಂದು ಹುಡುಕುತ್ತಾ ಹೋದಾಗ ಪ್ರತಿಯೊಂದು ಹಂತದಲ್ಲೂ ಸಿಕ್ಕಿದ್ದು ನೀರೇ: ಪಾಕದಲ್ಲಿ ಉಳಿದ ನೀರು, ಸೇಬಿನ ಮೈಮೇಲಿನ ನೀರು, ಗಾಳಿಯಲ್ಲಿದ್ದ ನೀರು. ಈ ಮೂರನ್ನೂ ದೂರ ಇಡುವುದನ್ನು ಕಲಿತರೆ ಕ್ಯಾಂಡಿ ಆಪಲ್ ಕಲಿತಂತೆಯೇ.

ಮೊದಲು ಸೇಬನ್ನು ನೋಡೋಣ. ಹೊರಗಿನ ಹೊದಿಕೆ ಬರೀ ಸಕ್ಕರೆಯಾದ್ದರಿಂದ ಒಳಗಿನ ಹಣ್ಣಿನಲ್ಲಿ ಹುಳಿ ಇರಬೇಕು, ತಿರುಳು ಗಟ್ಟಿಯಾಗಿರಬೇಕು. ಹಸಿರು ಬಣ್ಣದ ಗ್ರ್ಯಾನಿ ಸ್ಮಿತ್ ಸೇಬು ಇದಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಹೊರದೇಶದಿಂದ ಬರುವುದರಿಂದ ಬೆಲೆ ಹೆಚ್ಚಾದರೂ ಆರು ಸೇಬಿಗೆ ಆ ಖರ್ಚು ಮಾಡಬಹುದು. ನಮ್ಮ ಮಾರುಕಟ್ಟೆಯಲ್ಲಿ ಹೇರಳವಾಗಿ ಸಿಗುವ ಹಿಮಾಚಲದ ಕೆಂಪು ಸೇಬು ನೋಟಕ್ಕೆ ಬಲು ಚೆಂದ. ಅದರ ಮೂಲವೂ ಅಮೆರಿಕವೇ. ಸ್ಯಾಮ್ಯುಯೆಲ್ ಸ್ಟೋಕ್ಸ್ ಎಂಬ ಅಮೆರಿಕನ್ನರು ಸುಮಾರು ನೂರು ವರ್ಷಗಳ ಹಿಂದೆ ಶಿಮ್ಲಾ ಬಳಿಯ ಕೋಟ್‌ಗಢದಲ್ಲಿ ಡೆಲಿಷಿಯಸ್ ತಳಿಯ ಸಸಿಗಳನ್ನು ನೆಟ್ಟು ಬೆಳೆಸಿದರು. ಆದರೆ ಆ ತಳಿಯಲ್ಲಿ ಹುಳಿ ಕಡಿಮೆ, ದಿನ ಕಳೆದಂತೆ ತಿರುಳು ಹಿಟ್ಟುಹಿಟ್ಟಾಗುತ್ತದೆ. ಅದನ್ನೇ ಬಳಸುವುದಾದರೆ ಹೊಸ ಬೆಳೆ ಬರುವ ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಅವಧಿಯಲ್ಲಿ, ಬೆರಳಿನಿಂದ ಒತ್ತಿದರೆ ಸ್ವಲ್ಪವೂ ತಗ್ಗದ ಹಣ್ಣನ್ನು ಆರಿಸಿಕೊಳ್ಳಿ. ಗಾತ್ರ ಚಿಕ್ಕದಿರಲಿ, ಒಂದೊಂದು 120ರಿಂದ 150 ಗ್ರಾಂ ತೂಗಿದರೆ ಸಾಕು. ದೊಡ್ಡ ಸೇಬು ಕಡ್ಡಿಯಿಂದ ಜಾರುತ್ತದೆ, ಮಕ್ಕಳ ಬಾಯಿಗೂ ಹಿಡಿಯುವುದಿಲ್ಲ.

ಅಂಗಡಿಯ ಸೇಬುಗಳಿಗೆ ಸಾಮಾನ್ಯವಾಗಿ ಹೊಳಪಿಗಾಗಿ ತೆಳುವಾದ ಮೇಣ ಬಳಿದಿರುತ್ತಾರೆ. ಮೇಣದ ಮೇಲೆ ಪಾಕ ನಿಲ್ಲದೆ ಜಾರುತ್ತದೆ. ಆದ್ದರಿಂದ ಕುದಿಯುವ ನೀರಿನಲ್ಲಿ ಪ್ರತಿ ಸೇಬನ್ನು ಹತ್ತು ಸೆಕೆಂಡು ಮುಳುಗಿಸಿ ತೆಗೆದು, ಒರಟು ಹತ್ತಿ ಬಟ್ಟೆಯಿಂದ ಗಟ್ಟಿಯಾಗಿ ಉಜ್ಜಬೇಕು. ಉಜ್ಜಿದ ಸಿಪ್ಪೆ ಹೊಳಪು ಕಳೆದುಕೊಂಡು ಮಂಕಾಗಿ ಕಂಡರೆ ಮೇಣ ಹೋಗಿದೆ ಎಂದರ್ಥ. ಅನಂತರ ತೊಟ್ಟನ್ನು ತಿರುವಿ ಕಿತ್ತು, ಆ ಗುಳಿಯಲ್ಲಿ ನಿಂತಿರುವ ನೀರನ್ನು ಬಟ್ಟೆಯ ತುದಿಯಿಂದ ಒರೆಸಿ, ಒಂದು ಗಂಟೆ ಫ್ಯಾನಿನ ಕೆಳಗೆ ಆರಲು ಬಿಡಿ. ಫ್ರಿಜ್ಜಿನಿಂದ ಆಗಷ್ಟೇ ತೆಗೆದ ಸೇಬನ್ನು ಎಂದೂ ಅದ್ದಬೇಡಿ. ತಣ್ಣನೆಯ ಸಿಪ್ಪೆಯ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಬಿಸಿ ಪಾಕ ತಗುಲಿದೊಡನೆ ಆ ಹನಿಗಳು ಆವಿಯಾಗಿ ಹೊದಿಕೆಯ ತುಂಬ ಗುಳ್ಳೆಗಳೇಳುತ್ತವೆ.

ಕಡ್ಡಿಗೆ ಐಸ್‌ಕ್ಯಾಂಡಿಯ ಚಪ್ಪಟೆ ಮರದ ಕಡ್ಡಿಯನ್ನಾಗಲಿ, ಬೆರಳಿನ ಅರ್ಧದಷ್ಟು ದಪ್ಪವಿರುವ ಬಿದಿರಿನ ಕಡ್ಡಿಯನ್ನಾಗಲಿ ಬಳಸಬಹುದು. ತೊಟ್ಟಿದ್ದ ಜಾಗದಲ್ಲಿ ನೇರವಾಗಿ, ಹಣ್ಣಿನ ಮುಕ್ಕಾಲು ಭಾಗದವರೆಗೆ ಒಂದೇ ಸಲ ಚುಚ್ಚಿ. ಅಲ್ಲಾಡಿಸಿ ಮತ್ತೆ ಮತ್ತೆ ಚುಚ್ಚಿದರೆ ತೂತು ಅಗಲವಾಗಿ ಅಲ್ಲಿಂದ ರಸ ಒಸರುತ್ತದೆ. ಈ ಕೆಲಸವನ್ನು ಮಕ್ಕಳಿಗೆ ಕೊಡಬಹುದು. ಇದಾದ ಮೇಲಿನದು ದೊಡ್ಡವರ ಕೆಲಸ.

ಆರು ಸೇಬಿಗೆ 400 ಗ್ರಾಂ ಸಕ್ಕರೆ, 150 ಮಿಲಿಲೀಟರ್ ನೀರು, 120 ಗ್ರಾಂ ಲಿಕ್ವಿಡ್ ಗ್ಲೂಕೋಸ್ ಬೇಕು. ಅಮೆರಿಕದವರು ಕಾರ್ನ್ ಸಿರಪ್ ಹಾಕುವ ಕಡೆ ನಮಗೆ ಒದಗುವುದು ಈ ಲಿಕ್ವಿಡ್ ಗ್ಲೂಕೋಸ್. ಕೇಕ್ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಡಬ್ಬಿಗಳಲ್ಲಿ ಸಿಗುತ್ತದೆ, ಜೇನಿಗಿಂತಲೂ ಮಂದವಾಗಿರುತ್ತದೆ, ಕೈ ಒದ್ದೆ ಮಾಡಿಕೊಂಡು ತೆಗೆದರೆ ಅಂಟುವುದಿಲ್ಲ. ಸಕ್ಕರೆಯ ಕಣಗಳು ಒಂದಕ್ಕೊಂದು ಸೇರಿ ಹರಳಾಗದಂತೆ ನಡುವೆ ಅಡ್ಡ ನಿಲ್ಲುವುದು ಇದರ ಕೆಲಸ. ನೀರಿಗೆ ಬೆರೆಸಿ ಕುಡಿಯುವ ಗ್ಲೂಕೋಸ್ ಪುಡಿ ಇದಕ್ಕೆ ಬದಲಿಯಾಗದು. ಲಿಕ್ವಿಡ್ ಗ್ಲೂಕೋಸ್ ಸಿಗದಿದ್ದರೆ ಒಂದು ಟೀ ಚಮಚ ನಿಂಬೆರಸ ಹಾಕಬಹುದು. ಹುಳಿ ಸಕ್ಕರೆಯ ಒಂದು ಭಾಗವನ್ನು ಒಡೆದು ಗ್ಲೂಕೋಸ್ ಮತ್ತು ಫ್ರಕ್ಟೋಸ್ ಮಾಡುವುದರಿಂದ ಹರಳು ಕಟ್ಟುವುದು ತಪ್ಪುತ್ತದೆ. ಆದರೆ ಫ್ರಕ್ಟೋಸ್ ಗಾಳಿಯ ತೇವವನ್ನು ಬೇಗ ಹೀರುತ್ತದೆ, ಹಾಗಾಗಿ ನಿಂಬೆಯ ಪಾಕದ ಹೊದಿಕೆ ಬೇಗನೆ ಅಂಟಾಗುತ್ತದೆ. ಚಮಚ ಮೀರಿ ಹಾಕಬೇಡಿ, ಮಾಡಿದ ಒಂದೆರಡು ಗಂಟೆಯಲ್ಲಿ ತಿಂದು ಮುಗಿಸಿ. ಬೆಲ್ಲದಿಂದ ಮಾಡಬಹುದೇ ಎಂದು ಹಲವರು ಕೇಳುತ್ತಾರೆ. ಬೆಲ್ಲದ ಹೊದಿಕೆ ಚಿಕ್ಕಿಯ ರುಚಿ ಕೊಡುತ್ತದೆ, ಗಾಜಿನ ಹೊಳಪು ಕೊಡುವುದಿಲ್ಲ, ತೇವವನ್ನೂ ಸಕ್ಕರೆಗಿಂತ ಬೇಗ ಎಳೆದುಕೊಳ್ಳುತ್ತದೆ.

ಕೋಲ್ಬ್‌ನ ಮಿಠಾಯಿಯ ಪರಿಮಳ ಬೇಕಾದವರು ಎರಡು ಇಂಚಿನ ಮೂರು ಚಕ್ಕೆ ತುಂಡುಗಳನ್ನು ಅಳತೆಗಿಂತ ಸ್ವಲ್ಪ ಹೆಚ್ಚು ನೀರಿನಲ್ಲಿ ಕುದಿಸಿ, ಸೋಸಿ, 150 ಮಿಲಿಲೀಟರ್ ಅಳೆದು ಆ ನೀರಿನಲ್ಲೇ ಪಾಕ ಹಿಡಿಯಲಿ. ಬಣ್ಣದ ವಿಷಯದಲ್ಲಿ ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಕೆಂಪು ಸೇಬನ್ನು ಬಣ್ಣವಿಲ್ಲದ ಪಾಕದಲ್ಲಿ ಅದ್ದಿದರೆ ಸಿಪ್ಪೆಯ ಕೆಂಪೇ ಹೊಳಪಿನೊಳಗಿಂದ ಕಾಣುತ್ತದೆ, ಅದಕ್ಕಿಂತ ಚೆಂದ ಬೇರೆ ಬೇಕಿಲ್ಲ. ಹಸಿರು ಸೇಬಿಗೆ ಬಣ್ಣ ಬೇಕೇ ಬೇಕೆನಿಸಿದರೆ ಆಹಾರಕ್ಕೆ ಅನುಮತಿ ಇರುವ, ಚೀಟಿಯಲ್ಲಿ ಬಣ್ಣದ ಹೆಸರು ಮತ್ತು ಪರವಾನಗಿ ಸಂಖ್ಯೆ ಇರುವ ಜೆಲ್ ಬಣ್ಣವನ್ನೇ ಕಾಲು ಚಮಚದಷ್ಟು ಬಳಸಿ. ಕಾಗದದ ಪೊಟ್ಟಣದಲ್ಲಿ ಬಿಡಿಯಾಗಿ ಮಾರುವ ಪುಡಿ ಬಣ್ಣವನ್ನು ಮುಟ್ಟಬೇಡಿ. ಕಾಟನ್ ಕ್ಯಾಂಡಿಯಲ್ಲಿ ರೋಡಮೈನ್-ಬಿ ಎಂಬ ವಿಷಕಾರಿ ಬಣ್ಣ ಪತ್ತೆಯಾದದ್ದರಿಂದಲೇ 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರ ಬಣ್ಣದ ಕಾಟನ್ ಕ್ಯಾಂಡಿಯ ಮಾರಾಟವನ್ನು ನಿಷೇಧಿಸಿತು. ಬೀಟ್‌ರೂಟ್ ರಸ ಈ ಪಾಕದ ಬಿಸಿಯನ್ನು ತಡೆಯದೆ ಕಂದಾಗುತ್ತದೆ.

ಪಾಕಕ್ಕೆ ಕೂರುವ ಮುನ್ನ ಎಲ್ಲವನ್ನೂ ಕೈಗೆಟಕುವಂತೆ ಇಟ್ಟುಕೊಳ್ಳಿ: ತುಪ್ಪ ಸವರಿದ ಸ್ಟೀಲ್ ತಟ್ಟೆ, ಒಣಗಿದ ಸೇಬುಗಳು, ಒಂದು ಬಟ್ಟಲು ತಣ್ಣೀರು. ಆಳವಾದ, ದಪ್ಪ ತಳದ ಪಾತ್ರೆಯಲ್ಲಿ ಸಕ್ಕರೆ, ನೀರು, ಗ್ಲೂಕೋಸ್ ಹಾಕಿ, ಮಧ್ಯಮ ಉರಿಯಲ್ಲಿ ಸಕ್ಕರೆ ಪೂರ್ತಿ ಕರಗುವವರೆಗೆ ಮಾತ್ರ ಕೈಯಾಡಿಸಬೇಕು. ಕುದಿ ಬಂದ ಮೇಲೆ ಸೌಟನ್ನು ಪಾತ್ರೆಗೆ ಹಾಕುವಂತಿಲ್ಲ. ಪಾತ್ರೆಯ ಒಳಗೋಡೆಗೆ ಹತ್ತಿದ ಒಂದೇ ಒಂದು ಸಕ್ಕರೆ ಕಾಳು ಪಾಕಕ್ಕೆ ಬಿದ್ದರೂ ಅದರ ಸುತ್ತ ಹರಳು ಬೆಳೆದು ಇಡೀ ಪಾಕ ಮರಳು ಮರಳಾಗಬಹುದು. ಅದಕ್ಕಾಗಿ ಕುದಿ ಹತ್ತಿದ ಕೂಡಲೇ ಎರಡು ನಿಮಿಷ ಮುಚ್ಚಳ ಮುಚ್ಚಿ. ಆವಿಯೇ ಗೋಡೆಯಿಂದ ಇಳಿದು ಆ ಕಾಳುಗಳನ್ನು ತೊಳೆದುಬಿಡುತ್ತದೆ. ಅನಂತರ ಮುಚ್ಚಳ ತೆಗೆದು ನೀರು ಹಾರಿಹೋಗಲು ಬಿಡಬೇಕು.

ಈ ಪಾಕದ ಹದ 149ರಿಂದ 154 ಡಿಗ್ರಿ ಸೆಲ್ಸಿಯಸ್. ಆ ಬಿಸಿಗೆ ಮುಟ್ಟಿದಾಗ ಪಾಕದಲ್ಲಿ ಉಳಿದಿರುವ ನೀರು ನೂರಕ್ಕೆ ಒಂದು ಪಾಲಿನಷ್ಟು ಮಾತ್ರ, ಆದ್ದರಿಂದಲೇ ಅದು ತಣಿದಾಗ ಗಾಜಾಗುತ್ತದೆ. ಆದರೆ ಈ ಅಂಕಿ ಸಮುದ್ರಮಟ್ಟದ ಊರುಗಳಿಗೆ ಹೇಳಿದ್ದು. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಹೀಗಾಗಿ ಮಂಗಳೂರಿನಲ್ಲಿ 150 ಡಿಗ್ರಿಗೆ ಬರುವ ಹದ ಬೆಂಗಳೂರಿನಲ್ಲಿ 147ಕ್ಕೇ ಬಂದಿರುತ್ತದೆ. ಇದಕ್ಕೆ ಸುಲಭವಾದ ದಾರಿಯೊಂದಿದೆ. ಅಡುಗೆ ಥರ್ಮಾಮೀಟರನ್ನು ಮೊದಲು ಬರೀ ಕುದಿಯುವ ನೀರಿನಲ್ಲಿ ಹಿಡಿದು ನೋಡಿ. ಅದು 97 ತೋರಿಸಿದರೆ ಪಾಕದ ಅಂಕಿಯಲ್ಲೂ ಮೂರು ಕಳೆಯಿರಿ. ಥರ್ಮಾಮೀಟರ್ ತಾನೇ ಸ್ವಲ್ಪ ತಪ್ಪು ತೋರಿಸುತ್ತಿದ್ದರೂ ಈ ಲೆಕ್ಕದಲ್ಲಿ ಅದು ಸರಿಹೋಗುತ್ತದೆ.

ಥರ್ಮಾಮೀಟರ್ ಇಲ್ಲದವರು ಚಿಂತಿಸಬೇಕಿಲ್ಲ, ಪಾಕದ ಹದ ನೋಡುವುದರಲ್ಲಿ ನಮ್ಮ ಮನೆಗಳ ಹಿರಿಯರಿಗೆ ಯಾರೂ ಸಮನಲ್ಲ. ನನ್ನ ಅತ್ತೆ ಕಡಲೆಬೀಜದ ಚಿಕ್ಕಿಗೆ ಮಾಡುವಂತೆಯೇ ಇದಕ್ಕೂ ಮಾಡುತ್ತಾರೆ. ತಣ್ಣೀರಿನ ಬಟ್ಟಲಿಗೆ ಒಂದು ಹನಿ ಪಾಕ ಬಿಟ್ಟು, ಬೆರಳಲ್ಲಿ ತೆಗೆದು ನೋಡುತ್ತಾರೆ. ಮೆತ್ತಗೆ ಉಂಡೆಯಾದರೆ ಇನ್ನೂ ಬಹಳ ದೂರವಿದೆ. ಗಟ್ಟಿಯಾಗಿದ್ದರೂ ಬಗ್ಗಿದರೆ ಚಿಕ್ಕಿಗೂ ಸಾಲದು. ಹನಿ ನೀರಿಗೆ ಬಿದ್ದೊಡನೆ ಚಿರ್ ಎಂದು ಸಣ್ಣಗೆ ಸದ್ದು ಮಾಡಿ, ಎತ್ತಿ ಸ್ಟೀಲ್ ಬಟ್ಟಲಿನ ಅಂಚಿಗೆ ಬಡಿದರೆ ಟಣ್ ಎಂದು, ಬಾಗದೆ ಪಟ್ಟನೆ ತುಂಡಾಗಬೇಕು. ಕೊನೆಗೆ ಅತ್ತೆ ಆ ಚೂರನ್ನು ಬಾಯಿಗೆ ಹಾಕಿಕೊಂಡು ಕಡಿಯುತ್ತಾರೆ. ಹಲ್ಲಿಗೆ ಸ್ವಲ್ಪ ಅಂಟಿದರೂ “ಇನ್ನೊಂದು ನಿಮಿಷ ಇರಲಿ” ಎನ್ನುತ್ತಾರೆ. ಥರ್ಮಾಮೀಟರಿನಲ್ಲಿ ನೋಡಿದಾಗಲೆಲ್ಲ ಅವರ ಆ ಒಂದು ನಿಮಿಷ ಸರಿಯಾಗಿಯೇ ಇದೆ. ಪಾಕ 110ರಿಂದ 130 ಡಿಗ್ರಿಗೆ ಏರುವುದು ನಿಧಾನ. 140 ದಾಟಿದ ಮೇಲೆ ನೋಡನೋಡುತ್ತಿದ್ದಂತೆ ಏರುತ್ತದೆ, 160ರ ಹೊತ್ತಿಗೆ ಹೊಂಬಣ್ಣಕ್ಕೆ ತಿರುಗಿ ಕಹಿಯತ್ತ ಸಾಗುತ್ತದೆ. ಆದ್ದರಿಂದ ಕೊನೆಯ ಐದು ನಿಮಿಷ ಒಲೆಯ ಮುಂದಿನಿಂದ ಕದಲಬೇಡಿ, ಫೋನ್ ಬಂದರೂ ಎತ್ತಬೇಡಿ. ಬಣ್ಣ ಹಾಕುವುದಿದ್ದರೆ ಉರಿ ಆರಿಸಿದ ಕೂಡಲೇ ಹಾಕಿ, ಪಾತ್ರೆಯನ್ನು ಹಿಡಿಯಿಂದ ಮೆಲ್ಲಗೆ ತಿರುಗಿಸಿ ಬೆರೆಸಿ. ಆಗ ಪಾಕ ಸಿಡಿಯುತ್ತದೆ, ಮುಖವನ್ನು ದೂರ ಇಡಿ.

ಗುಳ್ಳೆಗಳು ಅಡಗಲು ಅರ್ಧ ನಿಮಿಷ ಕಾದು, ಪಾತ್ರೆಯನ್ನು ಒಂದು ಪಕ್ಕಕ್ಕೆ ಓರೆ ಮಾಡಿ, ಪಾಕ ಆಳವಾಗಿ ನಿಂತ ಕಡೆ ಸೇಬನ್ನು ಇಳಿಸಿ ಕಡ್ಡಿಯನ್ನು ಒಂದು ಸುತ್ತು ತಿರುಗಿಸಬೇಕು. ಕಡ್ಡಿಯ ಬುಡದ ಸುತ್ತಲೂ ಪಾಕ ಮುಚ್ಚಿಕೊಂಡಿರಲಿ, ಇಲ್ಲವಾದರೆ ರಸ ಅಲ್ಲಿಂದಲೇ ಹೊರಬರುತ್ತದೆ. ಮೇಲೆತ್ತಿದ ಮೇಲೆ ಪಾತ್ರೆಯ ಮೇಲೆಯೇ ಹದಿನೈದು ಇಪ್ಪತ್ತು ಸೆಕೆಂಡು ಹಿಡಿದು, ನಿಧಾನವಾಗಿ ತಿರುಗಿಸುತ್ತಾ ಹೆಚ್ಚಿನ ಪಾಕ ತೊಟ್ಟಿಕ್ಕಲು ಬಿಡಿ. ಈ ಕಾಯುವಿಕೆಯನ್ನು ಯಾರೂ ಬಿಡಬಾರದು ಎಂದು ನಾನು ಒತ್ತಿ ಹೇಳುತ್ತೇನೆ, ಏಕೆಂದರೆ ಹೊದಿಕೆ ಎಷ್ಟು ತೆಳುವಾದರೆ ಹಲ್ಲಿಗೆ ಅಷ್ಟು ಹಗುರ. ಅವಸರದಲ್ಲಿ ಇಳಿಸಿದ ಸೇಬಿನ ಕೆಳಗೆ ದಪ್ಪನೆಯ ಸಕ್ಕರೆಯ ಬಿಲ್ಲೆ ಕಟ್ಟಿ, ಅದನ್ನು ಕಡಿಯಲಾಗುವುದಿಲ್ಲ. ತುಪ್ಪ ಸವರಿದ ತಟ್ಟೆಯ ಮೇಲೆ ಕಡ್ಡಿ ಮೇಲಾಗಿ ಇಟ್ಟರೆ ಹತ್ತು ನಿಮಿಷದಲ್ಲಿ ಗಟ್ಟಿಯಾಗುತ್ತದೆ. ನಾಲ್ಕನೆಯ ಸೇಬಿನ ಹೊತ್ತಿಗೆ ಪಾಕ ಮಂದವಾದರೆ ಸಣ್ಣ ಉರಿಯಲ್ಲಿ ಒಂದು ನಿಮಿಷ ಬಿಸಿ ಮಾಡಿ; ನೀರು ಮಾತ್ರ ಸೇರಿಸಬೇಡಿ.

ಈ ಪಾಕ ಮೈಮೇಲೆ ಬಿದ್ದರೆ ಕುದಿನೀರಿನಂತೆ ಜಾರಿ ಹೋಗದೆ ಅಂಟಿಕೊಂಡು ಸುಡುತ್ತದೆ. ಬಿದ್ದ ಕೂಡಲೇ ನಲ್ಲಿಯ ತಣ್ಣೀರಿನ ಕೆಳಗೆ ಇಪ್ಪತ್ತು ನಿಮಿಷ ಹಿಡಿಯಿರಿ, ಚರ್ಮಕ್ಕೆ ಅಂಟಿದ್ದನ್ನು ಎಳೆದು ಕೀಳಬೇಡಿ; ಮಂಜುಗಡ್ಡೆ, ಟೂತ್‌ಪೇಸ್ಟ್ ಹಚ್ಚಬೇಡಿ. ಬೊಬ್ಬೆ ಎದ್ದರೆ ವೈದ್ಯರಿಗೆ ತೋರಿಸಿ.

ಮಾಡುವ ದಿನವನ್ನೂ ನೋಡಿ ಆರಿಸಬೇಕು. ಬೆಂಗಳೂರು, ಮೈಸೂರು, ಧಾರವಾಡದಂಥ ಊರುಗಳಲ್ಲಿ ನವೆಂಬರ್‌ನಿಂದ ಫೆಬ್ರವರಿವರೆಗಿನ ಒಣ ಹವೆ ಇದಕ್ಕೆ ಹೇಳಿಮಾಡಿಸಿದಂತಿರುತ್ತದೆ. ಕರಾವಳಿಯವರು, ಮಳೆಗಾಲದಲ್ಲಿ ಮಾಡಲೇಬೇಕಾದವರು ಎ.ಸಿ. ಇರುವ ಕೋಣೆಯಲ್ಲಿ ಇಟ್ಟು, ಮಾಡಿದ ಎರಡು ಮೂರು ಗಂಟೆಯೊಳಗೆ ಬಡಿಸಲಿ. ಫ್ರಿಜ್ಜಿನಲ್ಲಿಟ್ಟರೆ ಹೊರತೆಗೆದ ಕೂಡಲೇ ಹೊದಿಕೆ ಬೆವರುತ್ತದೆ. ಹೊರಗೆ ಹಲವು ದಿನ ಇಡುವುದೂ ಸಲ್ಲದು. 2014ರ ಕೊನೆಯಲ್ಲಿ ಅಮೆರಿಕದಲ್ಲಿ, ಕಾರ್ಖಾನೆಯಲ್ಲಿ ತಯಾರಾದ ಕ್ಯಾರಮೆಲ್ ಸೇಬುಗಳಿಂದ ಲಿಸ್ಟೀರಿಯಾ ಸೋಂಕು ಹಲವು ರಾಜ್ಯಗಳಿಗೆ ಹರಡಿ ಸಾವುಗಳೂ ಆದವು. ಕಡ್ಡಿ ಚುಚ್ಚಿದಾಗ ಒಸರಿದ ರಸ ಹೊದಿಕೆಯ ಅಡಿ ಸೇರಿ, ಬೆಚ್ಚಗಿನ ಜಾಗದಲ್ಲಿಟ್ಟ ಸೇಬಿನಲ್ಲಿ ಆ ಬ್ಯಾಕ್ಟೀರಿಯಾ ಬೇಗ ಬೆಳೆಯುತ್ತದೆಂದು ಆಮೇಲೆ ನಡೆದ ಪರೀಕ್ಷೆಗಳಿಂದ ತಿಳಿದುಬಂತು. ಸೇಬನ್ನೂ ಕೈಯನ್ನೂ ಚೆನ್ನಾಗಿ ತೊಳೆದು ಮಾಡಿ, ಮಾಡಿದ ದಿನವೇ ತಿನ್ನಿ.

ಚಿಕ್ಕ ಮಕ್ಕಳಿಗೆ ಇಡೀ ಸೇಬನ್ನು ಕಡ್ಡಿಯ ಸಮೇತ ಕೊಡಬೇಡಿ. ಒಡೆದ ಸಕ್ಕರೆ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳಬಹುದು, ಅಂಚು ತುಟಿಗೆ ತಾಗಿ ಕೊಯ್ಯಬಹುದು. ದೊಡ್ಡ ಮಕ್ಕಳಿಗಾದರೆ ಭಾರವಾದ ಚಾಕುವಿನಿಂದ ಮೇಲಿನಿಂದ ಒಮ್ಮೆಲೇ ಒತ್ತಿ ಸೀಳಿ, ಹೋಳು ಮಾಡಿ ಕೊಡಿ. ಪಾಕದ ಪಾತ್ರೆಯನ್ನು ಕೆರೆದು ಉಜ್ಜುವ ಶ್ರಮ ಬೇಡ. ಪಾತ್ರೆ ತುಂಬ ನೀರು ಹಾಕಿ, ಸೌಟನ್ನೂ ಅದರಲ್ಲೇ ಮುಳುಗಿಸಿ ಒಲೆಯ ಮೇಲೆ ಕುದಿಸಿದರೆ ಕಲ್ಲಿನಂತೆ ಕೂತ ಸಕ್ಕರೆಯೆಲ್ಲ ಹತ್ತು ನಿಮಿಷದಲ್ಲಿ ಕರಗಿಹೋಗುತ್ತದೆ.