ನಾಲ್ಕು ಮಿಲಿಮೀಟರ್ ಸಂದು

ಬೆಳಗಾವಿಯ ಉದ್ಯಮಬಾಗದಾಗ ಹತ್ತೊಂಬತ್ತು ವರ್ಷ ಲೇತ್ ಮುಂದೆ ನಿಂತವನಿಗೆ ಸಂದು ಕಂಡರೆ ಕೈ ತುರಿಸುತ್ತದೆ. ಎರಡು ಭಾಗ ಕೂಡುವಲ್ಲಿ ನಾಲ್ಕು ಮಿಲಿಮೀಟರ್ ಬೆಳಕು ಹಾಯ್ದರೆ ನಮ್ಮಲ್ಲಿ ಆ ಜಾಬ್ ಸೀದಾ ಸ್ಕ್ರ್ಯಾಪಿಗೆ. 2022ರಲ್ಲಿ ಕಾಶ್ಮೀರದ ಗುಲ್ಮಾರ್ಗದಿಂದ ಹಿಮದ ಮೇಲೆ ಜಾರುವ ಹಳೇ ಸ್ಕೀ ಜೋಡಿಯೊಂದನ್ನು ತಂದಿದ್ದೆ. ಊರಿಗೆ ಹೊರಟಿದ್ದ ಒಬ್ಬ ವಿದೇಶಿ ಹುಡುಗ ಮಾರಿದ್ದು. ಅವನ ಬೂಟು ನನ್ನದಕ್ಕಿಂತ ಉದ್ದ, ಹಾಗಾಗಿ ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿನಲ್ಲಿ ಹಿಂದಿನದನ್ನು ಮುಂದಕ್ಕೆ ಸರಿಸಲೇಬೇಕಿತ್ತು. ಸರಿಸಿದೆ. ಸರಿಸುತ್ತ ಸರಿಸುತ್ತ ಬೂಟಿನ ಹಿಮ್ಮಡಿಗೆ ಮುಟ್ಟುವ ತನಕ ಸರಿಸಿದೆ. ಸಂದು ಅಳೆಯುವ ಫೀಲರ್ ಗೇಜಿನ ತೆಳ್ಳನೆಯ ಎಲೆಯೂ ಹೋಗದ ಹಾಗೆ ಕೂಡಿಸಿ, ಹೆಂಡತಿಯನ್ನು ಕರೆದು ತೋರಿಸಿದೆ. ಆಕೆ ನೋಡಿ, “ಊಟದ ಟೇಬಲ್ ಯಾವಾಗ ಖಾಲಿ ಆಗತೈತಿ?” ಅಂದಳು.

ಕೈ ಹಾಕಿದ್ದೇನೆ ಅಂತ ಮುಂದಿನ ಬೈಂಡಿಂಗಿನ ಐದೂ ಸ್ಕ್ರೂಗಳನ್ನು ಬ್ಯಾಟರಿ ಡ್ರಿಲ್ ಹಚ್ಚಿ ಇನ್ನೊಂದು ಸುತ್ತು ಬಿಗಿ ಮಾಡಿದೆ. ಇದು ಎರಡನೇ ತಪ್ಪು.

ಸ್ಕೀ ಟೂರಿಂಗ್ ಅಂದರೆ ಕೇಬಲ್ ಕಾರ್ ನೆಚ್ಚಿಕೊಳ್ಳದೆ ಹಿಮದ ಗುಡ್ಡವನ್ನು ಕಾಲಿನಿಂದಲೇ ಏರಿ, ಮೇಲಿಂದ ಜಾರಿ ಇಳಿಯುವುದು. ಏರುವಾಗ ಸ್ಕೀ ತಳಕ್ಕೆ ‘ಸ್ಕಿನ್’ ಅಂಟಿಸುತ್ತೇವೆ. ಎತ್ತಿನ ಮೈಗೂದಲ ಥರ ಒಂದೇ ಕಡೆ ಮಲಗಿದ ಕೂದಲಿನ ಪಟ್ಟಿ ಅದು. ಮುಂದೆ ಜಾರುತ್ತದೆ, ಹಿಂದೆ ಜಾರುವುದಿಲ್ಲ. ಏರುವಾಗ ಹಿಮ್ಮಡಿ ಬಿಟ್ಟುಕೊಂಡು ಏಳಬೇಕು, ಇಳಿಯುವಾಗ ಗಟ್ಟಿ ಕೂತಿರಬೇಕು, ಬಿದ್ದರೆ ಕಾಲು ಮುರಿಯುವ ಮೊದಲು ಬೂಟು ಕಳಚಬೇಕು. ಈ ಮೂರೂ ಕೆಲಸ ಬೈಂಡಿಂಗಿನದು. ನನ್ನದು ಪಿನ್ ಬೈಂಡಿಂಗ್, 1980ರ ದಶಕದಲ್ಲಿ ಆಸ್ಟ್ರಿಯಾದ ಫ್ರಿಟ್ಜ್ ಬಾರ್ಥೆಲ್ ಕಂಡುಹಿಡಿದ ಬಗೆ. ಬೂಟಿನ ಮೂತಿಯ ಎರಡೂ ಬದಿಗೆ ಲೋಹದ ಸಣ್ಣ ಕುಳಿ. ಮುಂದಿನ ಬೈಂಡಿಂಗಿನ ಎರಡು ಪಿನ್ನು ಇಕ್ಕಳದ ಹಾಗೆ ಬಂದು ಅದರಲ್ಲಿ ಕೂಡುತ್ತವೆ. ಹಿಂದೆ ಇನ್ನೆರಡು ಪಿನ್ನು. ಹಿಂದಿನದನ್ನು ತಿರುವಿದರೆ ಹಿಮ್ಮಡಿ ಸ್ವತಂತ್ರ. ಅಷ್ಟೇ. ಮೊದಲ ಸಲ ನೋಡಿದಾಗ ಇಷ್ಟು ಕಡಿಮೆ ಸಾಮಾನಿನಲ್ಲಿ ಇಷ್ಟು ಕೆಲಸ ತೆಗೆದವನಿಗೆ ಕೈ ಮುಗಿಯಬೇಕು ಅನಿಸಿತ್ತು.

ಬೆಳಗಾವಿಯಲ್ಲಿ ಹಿಮ ಎಲ್ಲಿಂದ ಬರಬೇಕು? ಬೂಟು ಕಾಲಿಗೆ ಒಗ್ಗಲಿ ಅಂತ ರವಿವಾರ ರವಿವಾರ ಯಳ್ಳೂರ ಗಡ ಹತ್ತುತ್ತಿದ್ದೆ. ಸ್ಕೀ ಬೂಟು ಅಂದರೆ ಮೀನಖಂಡದವರೆಗೆ ಗಟ್ಟಿ ಪ್ಲಾಸ್ಟಿಕ್, ಮೇಲೆ ಬಕಲ್ಲು. ನನ್ನದು ಬಿಳಿ ಬೇರೆ. ಟಕ್ ಟಕ್ ಅಂತ ಡಾಂಬರು ರಸ್ತೆ ಏರುವಾಗ ತಲೆ ಮೇಲೆ ಹುಲ್ಲಿನ ಹೊರೆ ಹೊತ್ತ ಒಬ್ಬ ಅಜ್ಜಿ ಎದುರಾದಳು. ಹೊರೆ ಇಳಿಸಲಿಲ್ಲ, ಕುತ್ತಿಗೆ ಅಲ್ಲಾಡಿಸಲಿಲ್ಲ, ಕಣ್ಣಷ್ಟೇ ಕೆಳಗಿಳಿಸಿ ಕೇಳಿದಳು: “ಕಾಯ್ ಝಾಲಂ ಬಾಳಾ ಪಾಯಾಲಾ?” ಕಾಲಿಗೆ ಏನಾತಪಾ ಅಂತ. ಎರಡೂ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ದೇವರಿಗೆ ಹರಕೆ ತೀರಿಸಲು ಹೊಂಟಾನ ಅಂದುಕೊಂಡಿದ್ದಳು. ಹಿಮ, ಕಾಶ್ಮೀರ ಎಲ್ಲಾ ಹೇಳಿದೆ. ಪೂರ್ತಿ ಕೇಳಿ, ಸಿದ್ಧೇಶ್ವರ ಬರಾ ಕರೀಲ್, ಸಿದ್ಧೇಶ್ವರ ವಾಸಿ ಮಾಡತಾನ ಅಂತ ಹರಸಿ ಹೋದಳು.

2023ರ ಫೆಬ್ರವರಿ ಕೊನೆಗೆ ಗೋವಾ ಎಕ್ಸ್‌ಪ್ರೆಸ್ ಹತ್ತಿದೆ. ದಿಲ್ಲಿ ತನಕ ರೈಲು, ಅಲ್ಲಿಂದ ಶ್ರೀನಗರಕ್ಕೆ ವಿಮಾನ. ಸ್ಕೀ ಚೀಲವನ್ನು ಕೆಳಗಿನ ಬರ್ತಿನಡಿ ತುರುಕಿದರೆ ತುದಿ ನಡುದಾರಿಗೆ ಬರುತ್ತಿತ್ತು. ಎಡವಿದವರೆಲ್ಲ ಅದು ಏನು ಅಂತ ಕೇಳಿದರು, ನನ್ನ ಉತ್ತರ ಕೇಳಲು ಒಬ್ಬರೂ ನಿಲ್ಲಲಿಲ್ಲ.

ಮೊದಲ ದಿನ ಗುಲ್ಮಾರ್ಗದ ಮಂಕಿ ಹಿಲ್ ಕಡೆ ಏರಿದೆವು, ನಾನು ಮತ್ತು ಅಲ್ಲಿನ ಗೈಡ್. ದೇವದಾರು, ಫರ್ ಮರಗಳ ಕಾಡು. ಮೇಲೆ ಹೋಗಿ ಸ್ಕಿನ್ ಬಿಚ್ಚಿ, ಇಳಿಯಲು ಬೂಟು ಒತ್ತಿದರೆ ಬಲಗಾಲಿನ ಪಿನ್ನು ಕೂಡುತ್ತಿಲ್ಲ. ಕೂಡಿದಂತೆ ಸದ್ದು ಮಾಡುತ್ತದೆ, ಕಾಲು ಎತ್ತಿದರೆ ಕಳಚುತ್ತದೆ. ಕಾರಣ ಸಣ್ಣದು: ಮುಂದಿನ ಬೈಂಡಿಂಗಿನಲ್ಲಿ ಪಿನ್ನು ಹೊತ್ತ ಎರಡು ರೆಕ್ಕೆಗಳ ಕೆಳಗೆ, ಸ್ಪ್ರಿಂಗ್ ಇರುವಲ್ಲಿ, ಹಿಮ ಒತ್ತಿ ಒತ್ತಿ ಬರ್ಫವಾಗಿತ್ತು. ರೆಕ್ಕೆ ಪೂರ್ತಿ ಕೆಳಗಿಳಿಯದಿದ್ದರೆ ಪಿನ್ನು ಪೂರ್ತಿ ಒಳಗೆ ಹೋಗುವುದಿಲ್ಲ. ಜೇಬಿನಲ್ಲಿ ನಮ್ಮವ್ವನ ಗೋಣಿಚೀಲ ಹೊಲಿಯುವ ದಬ್ಬಣವಿತ್ತು, ಕೂತು ಕೆದರತೊಡಗಿದೆ.

ಎಲ್ಲಿಂದ ಬಂದನೋ, ಕಾಶ್ಮೀರದ ಸಡಿಲ ನಿಲುವಂಗಿ ಫೆರನ್ ತೊಟ್ಟ ಒಬ್ಬ ಮುದುಕ ಹೆಗಲಿಗೆ ಹಗ್ಗ ಸುತ್ತಿಕೊಂಡು ಮರದ ಹಿಂದಿನಿಂದ ಬಂದು ನಿಂತ. ಸಲಾಂ ಇಲ್ಲ, ಮಾತಿಲ್ಲ. ಸ್ವಲ್ಪ ಹೊತ್ತು ನನ್ನ ದಬ್ಬಣದ ಕೆಲಸ ನೋಡಿದ. ಆಮೇಲೆ ಫೆರನ್ನಿನ ಒಳಗಿಂದ ಕಾಂಗ್ಡಿ ತೆಗೆದ, ಬೆತ್ತದಂಥ ಹೆಣಿಗೆಯೊಳಗಿನ ಮಣ್ಣಿನ ಕುಡಿಕೆ, ಅದರಲ್ಲಿ ಬೂದಿ ಮುಚ್ಚಿದ ಕೆಂಡ. ಕಡ್ಡಿಯಿಂದ ಬೂದಿ ಸರಿಸಿ, ಕೂಸಿನ ಕೆನ್ನೆಗೆ ಶಾಖ ಕೊಟ್ಟ ಹಾಗೆ ಬೈಂಡಿಂಗಿಗೆ ಹಿಡಿದ. ಪ್ಲಾಸ್ಟಿಕ್ ಕರಗೀತು ಅಂತ ನನ್ನ ಜೀವ ಬಾಯಿಗೆ ಬಂತು. “ಚಾಚಾ, ಸಾಕು, ಸಾಕು” ಅಂದೆ. ಆತ ಗೈಡ್ ಕಡೆ ನೋಡಿ ಕಾಶ್ಮೀರಿಯಲ್ಲಿ ಏನೋ ಅಂದ, ಗೈಡ್ ಬಿದ್ದು ಬಿದ್ದು ನಕ್ಕ. ಏನಂದ ಅಂತ ಇವತ್ತಿಗೂ ಹೇಳಿಲ್ಲ. ಬರ್ಫ ನೀರಾಗಿ ಇಳಿಯಿತು. ಒರೆಸದೆ ಬಿಟ್ಟರೆ ಅದೇ ನೀರು ಮತ್ತೆ ಹೆಪ್ಪುಗಟ್ಟುತ್ತದೆ, ಕೂಡಲೇ ಒಣಬಟ್ಟೆ ಹಚ್ಚಿದೆ. ತಲೆ ಎತ್ತಿದಾಗ ಮುದುಕ ಇಳಿಜಾರಿನಲ್ಲಿ ಆಗಲೇ ದೂರ.

ಅಂದಿನಿಂದ ಬೂಟು ಹಾಕುವ ಮೊದಲು ರೆಕ್ಕೆಗಳ ಕೆಳಗೆ ದಬ್ಬಣ ಆಡಿಸುತ್ತೇನೆ, ಬೂಟಿನ ಕುಳಿಯನ್ನೂ ಕೆದರುತ್ತೇನೆ. ಪಿನ್ನು ಕೂತ ಮೇಲೆ ಹಿಮ್ಮಡಿ ಬಿಟ್ಟುಕೊಂಡು ನಾಲ್ಕೈದು ಸಲ ಕಾಲು ಮೇಲೆ ಕೆಳಗೆ ಆಡಿಸಿದರೆ ಕುಳಿಯಲ್ಲಿ ಉಳಿದದ್ದನ್ನು ಪಿನ್ನೇ ಅರೆದು ಹಾಕುತ್ತದೆ. ಆಮೇಲೆಯೇ ಹಿಂದಿನದನ್ನು ಒತ್ತುವುದು.

ಅವತ್ತು ಮಾತ್ರ ಹೆದರಿ ಇನ್ನೊಂದು ಮಾಡಿದೆ: ಕಳಚಬಾರದು ಅಂತ ಮುಂದಿನ ಲಿವರನ್ನು ಮೇಲಕ್ಕೆ ಎಳೆದು ಲಾಕ್ ಮಾಡಿ ಇಳಿಯಲು ಹೊರಟೆ. ಗೈಡ್ ನಗು ನಿಲ್ಲಿಸಿಬಿಟ್ಟ. ಆ ಲಾಕ್ ಇರುವುದು ಏರುವಾಗ. ಲಾಕ್ ಮಾಡಿದ ಬೈಂಡಿಂಗ್ ಬಿದ್ದರೂ ಬಿಡುವುದಿಲ್ಲ, ಹಿಮಕುಸಿತ ಬಂದರೆ ಸ್ಕೀ ಲಂಗರಿನ ಹಾಗೆ ಕಾಲು ಹಿಡಿದು ಕೆಳಗೆಳೆಯುತ್ತದೆ. ಅದೇ ತಿಂಗಳು 1ನೇ ತಾರೀಖು ಅಫರ್ವತ್ ಶಿಖರದ ಹಾಪತ್‌ಖುಡ್ ಹತ್ತಿರ ಹಿಮ ಕುಸಿದು ಪೋಲೆಂಡಿನ ಇಬ್ಬರು ಸ್ಕೀಯರ್‌ಗಳು ಸತ್ತಿದ್ದರು. ಅಲ್ಲಿ ಯಾರೂ ಆ ಮಾತನ್ನು ಜೋರಾಗಿ ಆಡುತ್ತಿರಲಿಲ್ಲ. ನಾನು ಸುಮ್ಮನೆ ಲಿವರ್ ಕೆಳಗೆ ಮಾಡಿದೆ.

ಮೂರನೇ ದಿನ ಕೇಬಲ್ ಕಾರಿನ, ಅಂದರೆ ಗಂಡೋಲಾದ, ಎರಡನೇ ಹಂತದಲ್ಲಿ ಅಫರ್ವತ್‌ಗೆ ಹೋದೆವು, 3,900 ಮೀಟರ್ ದಾಟಿದ ಜಾಗ. ಅಲ್ಲಿಂದ ನಡುವಿನ ನಿಲ್ದಾಣ ಕೊಂಗ್‌ಡೂರಿ ಕಡೆ ಇಳಿಯುವಾಗ ಸಣ್ಣ ತಗ್ಗೊಂದು ಬಂತು. ಸ್ಕೀ ತಗ್ಗಿಗಿಳಿದು ಬಿಲ್ಲಿನ ಹಾಗೆ ಬಾಗಿತು, ‘ಕಟ್’ ಅಂತ ಒಂದು ಸದ್ದು, ನಾನು ಮುಖ ಕೆಳಗೆ. ಎದ್ದು ನೋಡಿದರೆ ಬಲಗಾಲಿನ ಮುಂದಿನ ಬೈಂಡಿಂಗ್ ಬೂಟಿನ ಜೊತೆಗೇ ಇತ್ತು, ಸ್ಕೀ ಮಾತ್ರ ಬೇರೆ. ಐದರಲ್ಲಿ ಮೂರು ಸ್ಕ್ರೂ ಮರದ ಪುಡಿ ಕಚ್ಚಿಕೊಂಡು ಕಿತ್ತು ಬಂದಿದ್ದವು, ಉಳಿದೆರಡು ವಾಲಿ ಕಳಚಿದ್ದವು.

ಅಲ್ಲೇ ಹಿಮದಾಗ ಕೂತಾಗ ಸಂದಿನ ಅರ್ಥ ಆಯಿತು. ಸ್ಕೀ ಬಾಗಿದಾಗ ಮುಂದಿನ ಮತ್ತು ಹಿಂದಿನ ಬೈಂಡಿಂಗಿನ ನಡುವಿನ ಅಂತರ ಕಡಿಮೆಯಾಗುತ್ತದೆ. ಬೂಟು ಬಾಗುವುದಿಲ್ಲ. ಇಂಥ ಬೈಂಡಿಂಗಿನಲ್ಲಿ ಹಿಮ್ಮಡಿಗೂ ಹಿಂದಿನದಕ್ಕೂ ನಡುವೆ ನಾಲ್ಕು ಮಿಲಿಮೀಟರ್ ಬಿಡುವುದೇ ಅದಕ್ಕೆ. ಸಂದು ಇಲ್ಲದಿದ್ದರೆ ಹಿಂದಿನದು ಬೂಟನ್ನು ದೂಡುತ್ತದೆ, ಬೂಟು ಮುಂದಿನದನ್ನು ದೂಡುತ್ತದೆ, ಆ ಜೋರು ಸ್ಕ್ರೂ ಮೇಲೆ. ಆ ಸ್ಕ್ರೂಗಳನ್ನೋ, ನಾನೇ ಬ್ಯಾಟರಿ ಡ್ರಿಲ್ಲಿನಿಂದ ತಿರುವಿ ಮರದ ಥ್ರೆಡ್ ತಿಂದು ಹಾಕಿದ್ದೆ. ನಮ್ಮ ಕೈಗೆ ಉಕ್ಕಿನ ರೂಢಿ. ಸ್ಕೀಯ ಹೊಟ್ಟೆಯಲ್ಲಿರುವುದು ಮರ. (ಎಲ್ಲ ಬೈಂಡಿಂಗಿಗೂ ನಾಲ್ಕೇ ಅಲ್ಲ. ಕೆಲವಕ್ಕೆ ಐದೂವರೆ, ಕೆಲವಕ್ಕೆ ಆರು. ಹಿಂದಿನದು ಸ್ಪ್ರಿಂಗ್ ಮೇಲೆ ಜರುಗುವಂಥದ್ದಾದರೆ ಮುಟ್ಟಿಸಿಯೇ ಕೂಡಿಸುತ್ತಾರೆ. ನಿಮ್ಮದು ಯಾವುದು ಅಂತ ಕೈಪಿಡಿ ನೋಡಿ ತಿಳಿದುಕೊಳ್ಳಿ, ನನ್ನ ಹಾಗೆ ಕಣ್ಣಳತೆ ಮಾಡಬೇಡಿ.)

“ಥೂ ನಿನ್ನ, ಹಾಳಾಗಿ ಹೋಗ!” ಅಂತ ಬೈಂಡಿಂಗಿಗೋ ನನಗೋ ಬೈದುಕೊಂಡೆ. ಪಕ್ಕದಲ್ಲಿ ಬಿಳಿ ಉಡುಪಿನ ಫೌಜಿಗಳ ಸಾಲೊಂದು ಸ್ಕೀ ಮೇಲೆ ಇಳಿಯುತ್ತಿತ್ತು. ಕೊನೆಯವನು ಗಕ್ಕನೆ ನಿಂತ. ಕಪ್ಪು ಕನ್ನಡಕ ಮೇಲೆತ್ತಿದ.

“ಯಾವೂರ್ರೀ?”

“ಬೆಳಗಾವಿ.”

“ನಮ್ದು ಹುಕ್ಕೇರಿ ಕಡೆ.” ನನ್ನ ಕಾಲು ನೋಡಲಿಲ್ಲ, ಸ್ಕೀ ನೋಡಲಿಲ್ಲ. “ಈ ವರ್ಷ ಕಬ್ಬಿನ ಬಿಲ್ ಹಾಕ್ಯಾರೇನ್ರಿ ಫ್ಯಾಕ್ಟರಿಯವ್ರು?”

“ನಮಗ ಹೊಲ ಇಲ್ರೀ.”

ಬೈಂಡಿಂಗ್ ಮುರಿದದ್ದಕ್ಕೆ ಮರುಗದ ಮನುಷ್ಯ ಇದಕ್ಕೆ ಮರುಗಿದ. ಆಮೇಲೆ ಬಗ್ಗಿ ನನ್ನ ಸ್ಕೀ ಎತ್ತಿ, ಹಗ್ಗ ತೆಗೆದು ಎರಡೇ ಗಂಟಿನಲ್ಲಿ ಅದನ್ನು ಚೀಲದ ಬದಿಗೆ ಕಟ್ಟಿದ. “ಮಂದಿ ತುಳಿದ ದಾರ್ಯಾಗ ಹೋಗ್ರಿ. ಹೊಸಾ ಹಿಮದಾಗ ಕಾಲಿಟ್ರ ತೊಡಿ ಮಟಾ ಹುಗೀತೀರಿ.” ಹೆಸರು ಕೇಳುವಷ್ಟರಲ್ಲಿ ಸಾಲಿನ ಬೆನ್ನು ಹಿಡಿದಿದ್ದ. ಕೊಂಗ್‌ಡೂರಿಗೆ ಇಳಿಯಲು ಒಂದೂವರೆ ತಾಸು ಹಿಡಿಯಿತು. ಗೈಡ್ ದಾರಿಯುದ್ದಕ್ಕೂ ಸೌಜನ್ಯದಿಂದ ಸುಮ್ಮನಿದ್ದ.

ರಿಪೇರಿ ಊರಲ್ಲಿ ಮಾಡಿದೆ. ತೂತುಗಳನ್ನು ಕೆದರಿ ಎರಡು ದಿನ ಒಣಗಲು ಬಿಟ್ಟೆ. ಸಣ್ಣ ಎಳೆಯ ಸ್ಟೀಲ್ ವೂಲ್ ಹೊಸೆದು ತೂತಿಗೆ ತುಂಬಿದೆ. ಪಾತ್ರೆ ತಿಕ್ಕುವ ದಪ್ಪ ಸುರುಳಿ ಬರುವುದಿಲ್ಲ. ಮೇಲೆ ನಿಧಾನ ಗಟ್ಟಿಯಾಗುವ ಎಪಾಕ್ಸಿ, ಐದು ನಿಮಿಷದ್ದಲ್ಲ. ಸ್ಕ್ರೂಗಳನ್ನು ಕೈಯಿಂದಲೇ ಕೂಡಿಸಿದೆ. ಇವುಗಳ ತಲೆ ನೋಡಲು ನಮ್ಮ ಸಾದಾ ಪ್ಲಸ್ ಸ್ಕ್ರೂ ಥರ, ಆದರೆ ಅದು ಪೊಜಿಡ್ರೈವ್, ಮೂರನೇ ನಂಬರ್. ಪ್ಲಸ್ಸಿನ ನಡುವೆ ಸಣ್ಣ ಗೆರೆಗಳಿರುತ್ತವೆ. ಸಾದಾ ಬಿಟ್ ಹಾಕಿದರೆ ಜಾರಿ ತಲೆ ಕೆಡುತ್ತದೆ, ನಾನು ಕೆಡಿಸಿದ್ದು ಎರಡು. ಮುಂದೆ ಬಿಚ್ಚಬೇಕಾದರೆ ಸ್ಕ್ರೂ ತಲೆಗೆ ಸೋಲ್ಡರಿಂಗ್ ಐರನ್ ಹಿಡಿದರೆ ಎಪಾಕ್ಸಿ ಸಡಿಲಾಗುತ್ತದೆ. ಎಪಾಕ್ಸಿ ಗಟ್ಟಿಯಾಗಲಿ ಅಂತ ಒಂದು ಪೂರ್ತಿ ದಿನ ಮುಟ್ಟಲಿಲ್ಲ. ಕೊನೆಗೆ ನಾಲ್ಕು ಮಿಲಿಮೀಟರ್ ದಪ್ಪದ ಹಿತ್ತಾಳೆ ಪಟ್ಟಿಯೊಂದನ್ನು ಮಷೀನ್ ಮೇಲೆ ಹಾಕಿ ತೆಗೆದೆ, ತುದಿಗೆ ತೂತು, ತೂತಿಗೆ ದಾರ. ಪಕ್ಕದ ಮಷೀನಿನವ ಯಾವ ಪಾರ್ಟಿ ಜಾಬ್ ಅಂತ ಕೇಳಿದ. ಖಾಲಿ ಬಿಡೋ ಜಾಗದ ಗೇಜ್ ಅಂದೆ. ನನ್ನ ಮುಖ ಒಮ್ಮೆ ನೋಡಿ ತನ್ನ ಚಕ್ಕಿನ ಕಡೆ ತಿರುಗಿದ.

ಡಿಸೆಂಬರಿನಲ್ಲಿ ಮತ್ತೆ ಅದೇ ಬಿಳಿ ಬೂಟು ಹಾಕಿಕೊಂಡು ಯಳ್ಳೂರ ಗಡ ಏರುತ್ತಿದ್ದೆ. ಅದೇ ತಿರುವು, ಅದೇ ಅಜ್ಜಿ, ತಲೆ ಮೇಲೆ ಅದೇ ಹೊರೆ. ಈ ಸಲ ಹೊರೆ ಇಳಿಸಿದಳು.

“ಅಜೂನ್ ಬರಾ ಝಾಲಾ ನಾಹಿ ಕಾಯ್ ರೇ ಪಾಯ್?”

ಇನ್ನೂ ವಾಸಿ ಆಗಿಲ್ಲ ಅಜ್ಜಿ, ಅಂದೆ.