ಮರಳುಗಲ್ಲಿಗೆ ವಯಸ್ಸು ಕಟ್ಟುವುದು ಹೇಗೆ?

ಲಾವಾಕ್ಕೆ ತಣಿದ ಗಳಿಗೆ ಅಂತ ಒಂದಿರುತ್ತದೆ. ಮರಳುಗಲ್ಲಿಗೆ ಅದಿಲ್ಲ, ಅದರೊಳಗಿನ ಮರಳಿನ ಕಣಗಳೆಲ್ಲ ಕಲ್ಲಿಗಿಂತ ಹಳೆಯವು. ಪ್ರಾಜೆಕ್ಟಿಗೆ ಬರುವ ಎಂಎಸ್ಸಿ ಹುಡುಗರಿಗೆ ನಾನು ಮೊದಲು ಹೇಳುವುದು ಇಷ್ಟು: ಮೆಷಿನ್ ಕೊಡುವ ಸಂಖ್ಯೆ ಕಣದ್ದು, ಕಲ್ಲಿನದ್ದಲ್ಲ.

ಶಿವಮೊಗ್ಗದಿಂದ ಹೊರಟರೆ ಅಭ್ಯಾಸಕ್ಕೆ ಬಾಬಾಬುಡನ್ ಸಾಲೇ ಸರಿ. ಚಿಕ್ಕಮಗಳೂರಿನ ಹತ್ತಿರ ಕರ್ತಿಕೆರೆ ಕಡೆ ತಳದಲ್ಲಿ ಗ್ನೈಸ್ ಎಂಬ ಪಟ್ಟೆ ಪಟ್ಟೆಯ ಹಳೆಯ ಬಂಡೆ, ಅದರ ಮೇಲೆ ಬೆಣಚಿನ ಉರುಟುಕಲ್ಲುಗಳ ಪದರ, ಮೇಲೆ ಅಲೆಯ ಗೆರೆ ಬಿದ್ದ, ಕಾದು ಗಟ್ಟಿಯಾದ ಮರಳುಗಲ್ಲೇ ಆದ ಕ್ವಾರ್ಟ್‌ಝೈಟ್, ಗುಳ್ಳೆಗಳ ಗುರುತಿರುವ ಬಸಾಲ್ಟ್ ಲಾವಾ, ತುದಿಗೆ ಕಬ್ಬಿಣದ ಪಟ್ಟೆಗಲ್ಲು. ಆ ಉರುಟುಕಲ್ಲಿನ ಪದರದಲ್ಲಿ ಪೈರೈಟ್ (ಕಬ್ಬಿಣ-ಗಂಧಕದ ಖನಿಜ) ಕಣಗಳೂ ನೀರಲ್ಲಿ ಉರುಳಿ ಬಂದು ಕೂತಿವೆ. ಇವತ್ತಿನ ಹೊಳೆಯಲ್ಲಾದರೆ ತುಕ್ಕು ಹಿಡಿದು ಹೋಗುತ್ತಿದ್ದವು. ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆನ್ನಬೇಕು.

ಮಳೆ ನಿಂತು ಇಂಬಳ ಕಡಿಮೆಯಾದ ಮೇಲೆ, ಜನವರಿ ಹೊತ್ತಿಗೆ ಹೋಗಿ. ಅರಣ್ಯ ಇಲಾಖೆಯ ಅನುಮತಿ ಕೈಯಲ್ಲಿರಲಿ. ಪಾಚಿ ಹಿಡಿದ ಬಂಡೆ ಬಿಟ್ಟು, ಹೊಸದಾಗಿ ಕಡಿದ ರಸ್ತೆಯ ಧರೆ ಹುಡುಕಿ. ಒಂದೇ ಪದರದಿಂದ ಮೂರ್ನಾಲ್ಕು ಕೆಜಿ ಸಾಕು. ಸುತ್ತಿಗೆ ಎತ್ತುವ ಮೊದಲು ಅಲೆಗೆರೆ ನೋಡಿ: ಚೂಪು ಏಣು ಯಾವ ಕಡೆಗಿದೆಯೋ ಅದು ಮೇಲ್ಭಾಗ. ಇಲ್ಲಿನ ಪದರಗಳು ಮಡಚಿಕೊಂಡಿವೆ, ಕೆಲವು ಕಡೆ ತಲೆಕೆಳಗಾಗಿರಲೂಬಹುದು.

ಪುಡಿ ಮಾಡುವ ಯಂತ್ರವನ್ನು ಪ್ರತಿ ಸ್ಯಾಂಪಲ್‌ಗೂ ಬಿಚ್ಚಿ ತೊಳೆಯಿರಿ. ಹಿಂದಿನ ಸ್ಯಾಂಪಲ್‌ನ ಒಂದೇ ಕಣ ಉಳಿದರೂ ಇಡೀ ವಾದ ಕೆಡುತ್ತದೆ. ಆಮೇಲಿನ ಕೆಲಸ ಅಕ್ಕಿ ಗಾಳಿಸಿದ ಹಾಗೆ, ಆದರೆ ಇಲ್ಲಿ ಅಕ್ಕಿ ಚೆಲ್ಲಿ ಕಲ್ಲು ಇಟ್ಟುಕೊಳ್ಳಬೇಕು. ನಮಗೆ ಬೇಕಾದ ಕಣ ಜಿರ್ಕಾನ್, ವಯಸ್ಸು ಅಳೆಯಲು ಬರುವ ಗಟ್ಟಿ ಖನಿಜ. ಅದು ನೀರಿಗಿಂತ ನಾಲ್ಕೂವರೆ ಪಟ್ಟಿಗೂ ಹೆಚ್ಚು ಭಾರ. ಬೆಣಚು ತೇಲಿ ಹೋದ ಮೇಲೆ ತಳದಲ್ಲಿ ಉಳಿಯುತ್ತದೆ. ನಂತರ ಅಯಸ್ಕಾಂತ, ಭಾರದ ದ್ರವ, ಸೂಕ್ಷ್ಮದರ್ಶಕ. ಚೆಂದದ ಹರಳುಗಳನ್ನೇ ಆರಿಸುವ ಚಪಲ ಬೇಡ, ಮುರುಕಲು ಕಣಗಳೂ ಸೇರಲಿ.

ಜಿರ್ಕಾನ್ ಬೆಳೆಯುವಾಗ ಯುರೇನಿಯಂ ಒಳಗೆ ಬಿಟ್ಟುಕೊಂಡು ಸೀಸವನ್ನು ಹೊರಗಿಡುತ್ತದೆ. ಹಾಗಾಗಿ ಈಗ ಸಿಗುವ ಸೀಸ ಹೆಚ್ಚುಕಡಿಮೆ ಎಲ್ಲವೂ ಯುರೇನಿಯಂ ಕ್ಷಯಿಸಿ ಆದದ್ದು. ಯುರೇನಿಯಂ-238 ಅರ್ಧಕ್ಕಿಳಿಯಲು ಸುಮಾರು 447 ಕೋಟಿ ವರ್ಷ, 235ಕ್ಕೆ 70 ಕೋಟಿ. ಎರಡೂ ಲೆಕ್ಕ ಒಂದೇ ವಯಸ್ಸು ಕೊಟ್ಟರೆ ಕಣವನ್ನು ನಂಬಿ, ಶೇ. 10ಕ್ಕಿಂತ ಹೆಚ್ಚು ಅಂತರವಿದ್ದರೆ ಬದಿಗಿಡಿ. ಅಳೆಯಲೆಂದು ಕಣವನ್ನು ಕೊರೆಯುವ ಲೇಸರ್ ಬಿಡುವ ಮೊದಲು ಕಣದ ಒಳಚಿತ್ರ ತೆಗೆಸಿ. ಕಣ ಹುಟ್ಟಿದ ಮೇಲೆ ಮತ್ತೆ ಕಾದಾಗ ಅದರ ಸುತ್ತ ಬೆಳೆದ ಅಂಚಿಗೂ ಗುರಿ ತಾಗಿದರೆ ಬರುವುದು ಕಲಬೆರಕೆ ವಯಸ್ಸು.

ನೂರಕ್ಕೂ ಹೆಚ್ಚು ಕಣ ಅಳೆದು, ಅತಿ ಕಿರಿಯವನ್ನು ಹುಡುಕಿ. ಒಂಟಿ ಕಣ ನನಗೆ ಸಾಲದು, ಒಂದಕ್ಕೊಂದು ಹೊಂದುವ ಮೂರಾದರೂ ಬೇಕು. ಪದರ ಅದಕ್ಕಿಂತ ಹಳೆಯದಲ್ಲ ಎಂದಷ್ಟೇ ಅದರಿಂದ ಗೊತ್ತಾಗುತ್ತದೆ. ಇನ್ನೊಂದು ಕಡೆಯ ಬೇಲಿ ಜ್ವಾಲಾಮುಖಿ ಬೂದಿಯದು: ಬಾಬಾಬುಡನ್ ಸಾಲಿನ ಮೇಲ್ಭಾಗದ ಬೂದಿಪದರಕ್ಕೆ ಸುಮಾರು 272 ಕೋಟಿ ವರ್ಷ. ಕೆಳಗಿನ ಗ್ನೈಸ್ ಬಹುಪಾಲು 300 ಕೋಟಿಗೂ ಹಿಂದಿನದು. ಕ್ವಾರ್ಟ್‌ಝೈಟ್ ಈ ಎರಡರ ನಡುವಿನದು.

ಈಗ ಭೂಖಂಡ ಸೀಳಿದ ಕಥೆ: ಇಂಥ ಮರಳು ಕೂತ ತಗ್ಗು ಭೂಖಂಡದ ಸೀಳಿನಲ್ಲಿ ಹುಟ್ಟಿತೇ ಎಂದು ಕಣಗಳ ವಯಸ್ಸಿನ ಪಟ್ಟಿಯಿಂದ ಊಹಿಸಬಹುದು. ಸೀಳು ಶುರುವಾದಾಗ ಪಕ್ಕದ ಗುಡ್ಡವೇ ಕುಸಿದು ತಗ್ಗು ತುಂಬುತ್ತದೆ, ಆದ್ದರಿಂದ ತಳದ ಪದರಗಳಲ್ಲಿ ಹೆಚ್ಚಾಗಿ ಸ್ಥಳೀಯ ಗ್ನೈಸಿನ ವಯಸ್ಸುಗಳೇ. ಸೀಳಿನ ಅಂಚು ತಣಿದು ನಿಧಾನ ಕುಸಿದು ಸಮುದ್ರ ಒಳಬಂದ ಮೇಲೆ ದೂರದ ಹೊಳೆಗಳ ಮರಳು ಸೇರಿ ವಯಸ್ಸುಗಳ ಪಟ್ಟಿ ಅಗಲವಾಗುತ್ತದೆ. ಆದ್ದರಿಂದ ಒಂದೇ ಸ್ಯಾಂಪಲ್ ತಂದು ‘ಸೀಳು ಅಂಚು’ ಎಂದು ಬರೆಯಬೇಡಿ. ತಳ, ನಡು, ಮೇಲು, ಮೂರೂ ಬೇಕು.

ಆಗುಂಬೆ ಘಾಟಿಯ ಅಂಚನ್ನು ಈ ಹಳೆಯ ಸೀಳಿನ ಜೊತೆ ಬೆರೆಸುವವರಿದ್ದಾರೆ. ಅದು ತೀರ ಈಚಿನದು. ಮಡಗಾಸ್ಕರ್ ನಮ್ಮಿಂದ ಬೇರೆಯಾದದ್ದು ಸುಮಾರು 9 ಕೋಟಿ ವರ್ಷದ ಹಿಂದೆ, ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಲಾವಾಕ್ಕೂ ಹತ್ತಿರ ಹತ್ತಿರ ಅದೇ ವಯಸ್ಸು. ಮಡಗಾಸ್ಕರಿನ ಪೂರ್ವ ಕರಾವಳಿಯ ಅಂತೊಂಗಿಲ್ ಕಡೆ ನಮ್ಮದೇ ಜಾತಿಯ ಹಳೆಯ ಗ್ನೈಸ್ ಇದೆ. ಅಲ್ಲಿನ ಪಟ್ಟಿಯನ್ನು ನಿಮ್ಮ ಪಟ್ಟಿಯ ಪಕ್ಕ ಇಡುವ ಮೊದಲು, ಎರಡು ಲ್ಯಾಬುಗಳೂ ವಯಸ್ಸು ಗೊತ್ತಿರುವ ಜಿರ್ಕಾನ್ ಇಟ್ಟು ಮೆಷಿನ್ ಸರಿ ನೋಡಿಕೊಂಡಿವೆಯೇ ಎಂದು ಕೇಳಿ.